ಅಪ್‌ಡೇಟ್: ಆ ಕ್ವಿಲ್ಟ್ ಟಾಪನ್ನು ಹಿಂತಿರುಗಿಸಿದೆ

ಬಾರ್ಡರ್ ಅಲೆ ಅಲೆಯಾಗಿ ಸಡಿಲಗೊಂಡಿದ್ದ, ಅಲ್ಲಲ್ಲಿ ಹೊಲಿಗೆ ಬಿಟ್ಟಿದ್ದ ಗ್ರಾಹಕರೊಬ್ಬರ ಕ್ವಿಲ್ಟ್ ಟಾಪನ್ನು (ಬಟ್ಟೆ ತುಂಡುಗಳನ್ನು ಜೋಡಿಸಿ ಹೊಲಿದ, ಕೌದಿಯ ಮೇಲ್ಪದರ) ಲಾಂಗ್‌ಆರ್ಮ್ ಯಂತ್ರಕ್ಕೆ (ಕೌದಿಯ ಪದರಗಳನ್ನು ಸೇರಿಸಿ ಹೊಲಿಯುವ, ಅಂದರೆ ಕ್ವಿಲ್ಟಿಂಗ್ ಮಾಡುವ ದೊಡ್ಡ ಯಂತ್ರ) ಏರಿಸಬೇಕೇ, ಬೇಡವೆನ್ನಬೇಕೇ ಎಂದು ಕಳೆದ ತಿಂಗಳು ನಿಮ್ಮನ್ನು ಕೇಳಿದ್ದೆ. ಕೊನೆಗೆ ಹಿಂತಿರುಗಿಸಿದೆ.

ಫೋನಿನಲ್ಲಿ ಹೇಳದೆ ಅವರನ್ನೇ ಕರೆಸಿ, ಟಾಪನ್ನು ಮೇಜಿನ ಮೇಲೆ ಹರಡಿ, ಟೇಪು ಹಿಡಿದು ತೋರಿಸಿದೆ: ನಡುವೆ 60 ಇಂಚಿದ್ದ ಅಗಲ ಬಾರ್ಡರಿನಲ್ಲಿ 63 ಇಂಚಾಗಿತ್ತು. ಆ ಹೆಚ್ಚುವರಿ ಬಟ್ಟೆ ಸೂಜಿಯಡಿ ಕರಗುವುದಿಲ್ಲ, ನೆರಿಗೆಯಾಗಿ ಕೂರುತ್ತದೆ ಎಂಬುದು ಅವರಿಗೆ ಆಗಲೇ ಮನದಟ್ಟಾಯಿತು. ಮೊಮ್ಮಗಳಿಗೆಂದು ಹೊಲಿದದ್ದು, ಅವರ ಮುಖ ಬಾಡಿದ್ದನ್ನು ನೋಡಿ ನನಗೂ ಸಂಕಟವಾಯಿತು. ಬಾರ್ಡರ್ ಬಿಚ್ಚಿ, ಟಾಪಿನ ನಡುಭಾಗದ ಅಳತೆಗೆ ಕತ್ತರಿಸಿ, ಎರಡೂ ತುದಿಗಳಿಗೆ ಮತ್ತು ನಡುವಿಗೆ ಮೊದಲು ಗುಂಡುಸೂಜಿ ಚುಚ್ಚಿಕೊಂಡು ಹೊಲಿಯುವಂತೆ ತಿಳಿಸಿದೆ. ಕಾಲು ಇಂಚಿಗಿಂತ ಕಡಿಮೆ ಅಂಚು ಬಿಟ್ಟು ಹೊಲಿದಿದ್ದರಿಂದ ಬಾಯಿ ಬಿಟ್ಟಿದ್ದ ಆರು ಜೋಡಣೆಗಳಿಗೆ ಕೆಂಪು ದಾರದ ಗುರುತು ಹಾಕಿಕೊಟ್ಟೆ.

ಮೂರು ವಾರಗಳ ಬಳಿಕ ಅದೇ ಟಾಪ್ ಮರಳಿ ಬಂದಿದೆ, ಬಾರ್ಡರ್ ಸಮತಟ್ಟಾಗಿದೆ. ಒಂದು ಮೂಲೆಯಲ್ಲಿ ತ್ರಿಕೋನಗಳ ತುದಿಗಳು ಇನ್ನೂ ಕೂಡುವುದಿಲ್ಲವಾದರೂ ಅದು ಕ್ವಿಲ್ಟಿಂಗ್‌ಗೆ ಅಡ್ಡಿಯಲ್ಲವಾದ್ದರಿಂದ ಆ ಮಾತನ್ನು ನಾನು ಎತ್ತಲಿಲ್ಲ. ನಾಳೆ ಬೆಳಿಗ್ಗೆ ಯಂತ್ರಕ್ಕೆ ಏರಿಸುತ್ತಿದ್ದೇನೆ.