ಮಗನಿಗೆ ಕಾಲೇಜ್ ಐಸ್ ಹಾಕಿ ಕೋಚ್ "2030ಕ್ಕೆ ಬಾ" ಅಂದಿದ್ದಾರೆ. ಹೈಸ್ಕೂಲ್ ಮುಗಿಯೋದು 2028ಕ್ಕೆ!

ನೊವೈ ಅಮ್ಮ:

ಎಲ್ಲರಿಗೂ ನಮಸ್ಕಾರ. ನಾವಿರೋದು ಮಿಚಿಗನ್‌ನ ನೊವೈಯಲ್ಲಿ. ಮಗ 2010ರಲ್ಲಿ ಮೈಸೂರಲ್ಲಿ ಹುಟ್ಟಿದವನು, ಚಿಕ್ಕವನಿದ್ದಾಗಲೇ ಇಲ್ಲಿಗೆ ಬಂದೆವು. ಈಗ ಹತ್ತನೇ ಕ್ಲಾಸು. ಟ್ರಿಪಲ್-ಎ (ಇಲ್ಲಿ ಮಕ್ಕಳ ಐಸ್ ಹಾಕಿಯ ಮೇಲಿನ ಮಟ್ಟ) ತಂಡದಲ್ಲಿ ಡಿಫೆನ್ಸ್ ಆಡ್ತಾನೆ, ಲೆಫ್ಟ್ ಶಾಟ್, ಅಂದರೆ ಸ್ಟಿಕ್ ಎಡಗಡೆ ಹಿಡಿದು ಹೊಡೆಯುವವನು. ಓದಿನಲ್ಲೂ ಪರವಾಗಿಲ್ಲ. ಆದರೆ ಅವನ ಪ್ರಾಣ ಇರೋದು ರಿಂಕ್‌ನಲ್ಲೇ.

ಜನವರಿ 1 ಕಳೆದದ್ದೇ ತಡ, ಕಾಲೇಜುಗಳಿಂದ ಮೇಲ್ ಬರೋಕೆ ಶುರುವಾಯಿತು. ಹೆಚ್ಚಿನವು ಬೇಸಿಗೆ ಕ್ಯಾಂಪ್‌ಗೆ ದುಡ್ಡು ಕಟ್ಟಿ ಬನ್ನಿ ಅನ್ನುವವು. ಒಬ್ಬ ಅಸಿಸ್ಟೆಂಟ್ ಕೋಚ್ ಮಾತ್ರ ಫೋನ್ ಮಾಡಿ ಅವನ ಜೊತೆ ಚೆನ್ನಾಗಿ ಮಾತಾಡಿದರು. ಕೊನೆಯಲ್ಲಿ, ಎಲ್ಲ ಸರಿಹೋದರೆ 2030ಕ್ಕೆ ನಮ್ಮಲ್ಲಿಗೆ ಬರಬಹುದು ಅಂದರಂತೆ. ನಮ್ಮನೆಯವರಿಗೆ ಅದೇ ಸಿಟ್ಟು: ಓದು ನಿಲ್ಲಿಸಿ ಎರಡು ವರ್ಷ ಆಟ ಆಡಿಕೊಂಡಿರೋದಾ ಅಂತ. ಮೈಸೂರಿಗೆ ಫೋನ್ ಮಾಡಿದರೆ ಮಾವನವರದ್ದೂ ಅದೇ ಪ್ರಶ್ನೆ. ನಾವಿಬ್ಬರೂ ಎಚ್-1ಬಿ, ಗ್ರೀನ್ ಕಾರ್ಡ್ ಕ್ಯೂನಲ್ಲಿದ್ದೇವೆ. ಹುಡುಗ ಎಚ್-4, ಅಂದರೆ ನಮ್ಮ ಮೇಲೆ ಅವಲಂಬಿತನ ವೀಸಾ.

ಈ ದಾರಿ ಬಲ್ಲವರು ಯಾರಾದರೂ ಇದ್ದರೆ ಬಿಡಿಸಿ ಹೇಳ್ತೀರಾ?

ಅರಸೀಕೆರೆಯವನು:

ಮೇಡಂ, ನಾನು ಮಿಡ್‌ವೆಸ್ಟ್‌ನ ಒಂದು ಡಿವಿಷನ್ 1 (ಕಾಲೇಜ್ ಆಟದ ಅತಿ ಮೇಲಿನ ಮಟ್ಟ) ಕಾಲೇಜ್ ತಂಡದಲ್ಲಿ ವಿಡಿಯೋ ಕೆಲಸದಲ್ಲಿದ್ದೇನೆ. ಕೋಚ್‌ಗಳು ಹುಡುಗರ ಪಟ್ಟಿ ಕೊಡ್ತಾರೆ, ಒಬ್ಬೊಬ್ಬನ ಒಂದೊಂದು ಶಿಫ್ಟನ್ನೂ (ಐಸ್ ಮೇಲೆ ಇಳಿದು ಆಡುವ ಒಂದು ಸರದಿ) ಕತ್ತರಿಸಿ ಅವರ ಮುಂದಿಡೋದು ನನ್ನ ಪಾಲಿನ ಕೆಲಸ. ಹಾಗಾಗಿ ನಿಮಗೆ ಫೋನ್ ಬಂದ ಕಡೆಯಿಂದಲೇ ನೋಡಿ ಬರೀತಾ ಇದ್ದೇನೆ.

2030 ಅಂದದ್ದು ಒಳ್ಳೆಯ ಲಕ್ಷಣ. ಸುಮ್ಮನೆ ಮಾತಾಡಿಸುವವರು ವರ್ಷ ಹೇಳೋದಿಲ್ಲ. ಯಾವ ವರ್ಷ ಯಾವ ಜಾಗ ಖಾಲಿಯಾಗುತ್ತೆ ಅನ್ನೋ ಲೆಕ್ಕ ಪ್ರತಿ ಕೋಚ್ ಕೋಣೆಯಲ್ಲೂ ಇರುತ್ತೆ: ಲೆಫ್ಟ್ ಶಾಟ್ ಡಿಫೆನ್ಸ್ ಎಷ್ಟು, ರೈಟ್ ಶಾಟ್ ಎಷ್ಟು, ಸೆಂಟರ್, ಗೋಲಿ (ಗೋಲ್‌ಕೀಪರ್), ಯಾರ ಪದವಿ ಯಾವಾಗ ಮುಗಿಯುತ್ತೆ. ಆ ಲೆಕ್ಕದಲ್ಲಿ ನಿಮ್ಮ ಹುಡುಗನನ್ನು ಒಂದು ಖಾಲಿ ಜಾಗದಲ್ಲಿ ಕೂರಿಸಿ ನೋಡಿದ್ದಾರೆ ಅಂತ ಅರ್ಥ. ಹಾಗಂತ ಅದು ಆಫರ್ ಅಲ್ಲ. ಹನ್ನೊಂದನೇ ಕ್ಲಾಸಿಗೆ ಮುಂಚಿನ ಆಗಸ್ಟ್ 1ರವರೆಗೆ ಬಾಯಿಮಾತಿನ ಆಫರನ್ನೂ ಕೊಡುವ ಹಾಗಿಲ್ಲ. ಕೊಟ್ಟ ಮೇಲೂ ಬಾಯಿಮಾತು ಬಾಯಿಮಾತೇ, ಎರಡೂ ಕಡೆಯವರು ಹಿಂದೆ ಸರಿಯಬಹುದು. ಇದೇ ಕಾಲೇಜಿಗೆ ಬರ್ತೀನಿ ಅಂತ ಸಹಿ ಮಾಡುವ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಅನ್ನೋದು 2024ರ ಅಕ್ಟೋಬರ್‌ನಲ್ಲೇ ರದ್ದಾಯಿತು. ಈಗ ಹಣಕಾಸಿನ ಒಪ್ಪಂದದ ಕಾಗದ ಕೈಗೆ ಬಂದಾಗಲೇ ನಂಬಬೇಕು.

ಎರಡು ವರ್ಷ ಯಾಕೆ ಅನ್ನೋದಕ್ಕೆ ಬರ್ತೀನಿ. ಈ ಆಟದಲ್ಲಿ ಹೈಸ್ಕೂಲ್ ಮುಗಿಸಿ ನೇರ ಕಾಲೇಜ್ ತಂಡಕ್ಕೆ ಬರೋ ಹುಡುಗ ಅಪರೂಪ. ನಡುವೆ ಜೂನಿಯರ್ ಹಾಕಿ ಇದೆ, 16ರಿಂದ 20ರ ವಯಸ್ಸಿನವರದ್ದು. ಕಾಲೇಜಿಗೆ ಕಾಲಿಡುವಾಗ ಬಹಳ ಜನಕ್ಕೆ 20 ಆಗಿರುತ್ತೆ. 22-23ರ ಗಂಡಸರ ಎದುರು ಬೋರ್ಡ್‌ಗೆ (ರಿಂಕ್ ಸುತ್ತಲಿನ ಗೋಡೆ) ಒತ್ತಿ ಆಡಬೇಕಲ್ಲ, 18ರ ಮೈ ಅದಕ್ಕೆ ಸಾಲೋದಿಲ್ಲ. ನಿಮ್ಮ ಯಜಮಾನರನ್ನು ಒಂದು ಶನಿವಾರ ಕಲಮಝೂಗೆ ಕರ್ಕೊಂಡು ಹೋಗಿ, ಎರಡು ಗಂಟೆ ದಾರಿ. 2025ರಲ್ಲಿ ಎನ್‌ಸಿಎಎ (ಕಾಲೇಜ್ ಆಟಗಳನ್ನು ನಡೆಸುವ ಸಂಸ್ಥೆ) ಚಾಂಪಿಯನ್ ಆದ ವೆಸ್ಟರ್ನ್ ಮಿಚಿಗನ್ ತಂಡದ ಆಟ ನೋಡಿ. ಹೋಗುವ ಮೊದಲು ಅವರ ವೆಬ್‌ಸೈಟ್‌ನಲ್ಲಿ ಆಟಗಾರರ ಪಟ್ಟಿ ತೆಗೀರಿ. ಪ್ರತಿ ಹೆಸರಿನ ಎದುರು ಹಿಂದೆ ಆಡಿದ ಜೂನಿಯರ್ ತಂಡ ಬರೆದಿರುತ್ತೆ. ನಾನು ಹತ್ತು ಪ್ಯಾರಾ ಬರೆದರೂ ಅಷ್ಟು ಸ್ಪಷ್ಟ ಆಗೋದಿಲ್ಲ.

ಜೂನಿಯರ್‌ನಲ್ಲಿ ಮೇಲಿನ ಮೆಟ್ಟಿಲು ಯುಎಸ್‌ಎಚ್‌ಎಲ್ ಅನ್ನೋ ಲೀಗ್. ಅಲ್ಲಿ ಆಡೋಕೆ ಫೀಸ್ ಇಲ್ಲ, ಸ್ಟಿಕ್ಕು ಸಾಮಾನು ತಂಡದ್ದೇ. ಊರಿನ ಒಂದು ಕುಟುಂಬ ಹುಡುಗನನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತೆ, ಬಿಲೆಟ್ ಫ್ಯಾಮಿಲಿ ಅಂತಾರೆ. 2010ರಲ್ಲಿ ಹುಟ್ಟಿದ ಹುಡುಗರ ಡ್ರಾಫ್ಟ್ (ತಂಡಗಳು ಸರದಿಯಂತೆ ಹುಡುಗರನ್ನು ಆರಿಸಿಕೊಳ್ಳೋದು) 2026ರಲ್ಲಿ. ಅದರ ಕೆಳಗೆ ಎನ್‌ಎಎಚ್‌ಎಲ್, ಎನ್‌ಸಿಡಿಸಿ ಲೀಗ್‌ಗಳು. ಇವುಗಳಿಂದಲೂ ಡಿವಿಷನ್ 1ಕ್ಕೆ ಹೋಗುವವರಿದ್ದಾರೆ. ಅದಕ್ಕೂ ಕೆಳಗೆ ಸಾವಿರಾರು ಡಾಲರ್ ಕಟ್ಟಿಸಿಕೊಳ್ಳುವ ತಂಡಗಳಿವೆ. ಅವರು ಕಾಲೇಜಿಗೆ ಕಳಿಸಿದ್ದೇವೆ ಅಂತ ತೋರಿಸುವ ಹೆಸರುಗಳನ್ನು ಆಯಾ ಕಾಲೇಜಿನ ಪಟ್ಟಿಯಲ್ಲಿ ನೀವೇ ಹುಡುಕಿ ನೋಡಿ. ಎಷ್ಟೋ ಸಲ ಅದು ಕ್ಲಬ್ ತಂಡ ಆಗಿರುತ್ತೆ, ಅಂದರೆ ಎನ್‌ಸಿಎಎಗೆ ಸೇರದ, ಹುಡುಗರೇ ದುಡ್ಡು ಹಾಕಿ ಆಡುವ ತಂಡ.

ಇನ್ನು ದೊಡ್ಡ ಬದಲಾವಣೆ. ಮೊದಲು ಕೆನಡಾದ ಮೇಜರ್ ಜೂನಿಯರ್‌ನಲ್ಲಿ, ಅಂದರೆ ಒಎಚ್‌ಎಲ್, ಡಬ್ಲ್ಯುಎಚ್‌ಎಲ್, ಕ್ಯುಎಂಜೆಎಚ್‌ಎಲ್ ಅನ್ನೋ ಮೂರು ಲೀಗ್‌ಗಳಲ್ಲಿ ಆಡಿದ ಹುಡುಗನಿಗೆ ಎನ್‌ಸಿಎಎ ಬಾಗಿಲು ಮುಚ್ಚುತ್ತಿತ್ತು. 2024ರ ನವೆಂಬರ್‌ನಲ್ಲಿ ಆ ನಿಯಮ ಎತ್ತಿಹಾಕಿದರು, 2025ರ ಆಗಸ್ಟ್ 1ರಿಂದ ಜಾರಿ. ಡಬ್ಲ್ಯುಎಚ್‌ಎಲ್‌ನ ಮೆಡಿಸಿನ್ ಹ್ಯಾಟ್ ತಂಡದಿಂದ ಗ್ಯಾವಿನ್ ಮೆಕೆನ್ನಾ ಅನ್ನೋ ಹೆಸರಾಂತ ಆಟಗಾರ ಪೆನ್ ಸ್ಟೇಟ್ ಯೂನಿವರ್ಸಿಟಿಗೆ ಬಂದದ್ದು ಹೀಗೆ. ನಿಮ್ಮ ಮಿಚಿಗನ್‌ನಲ್ಲೇ ಫ್ಲಿಂಟ್, ಸ್ಯಾಗಿನಾಗಳಲ್ಲಿ ಒಎಚ್‌ಎಲ್ ತಂಡಗಳಿವೆ. ನಿಮ್ಮ ಹುಡುಗನಿಗೆ ದಾರಿ ಒಂದು ಹೆಚ್ಚಾಯಿತು, ಪೈಪೋಟಿಯೂ ಹೆಚ್ಚಾಯಿತು. ಅದರ ಮೇಲೆ, ಆಟಗಾರರಿಗೆ ಆದಾಯದ ಪಾಲು ಹಂಚುವ ಹೊಸ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ತಂಡಕ್ಕೆ 26 ಜನರ ಮಿತಿ. ಹಿಂದೆ 18 ಪೂರ್ತಿ ಸ್ಕಾಲರ್‌ಶಿಪ್‌ಗಳನ್ನು ಹಂಚಬೇಕಿತ್ತು, ಈಗ 26 ಜನಕ್ಕೂ ಕೊಡಬಹುದು. ಕೊಡಬಹುದು ಅಷ್ಟೇ, ಎಲ್ಲರ ಹತ್ತಿರ ಅಷ್ಟು ದುಡ್ಡಿಲ್ಲ. ಬೇರೆ ಕಾಲೇಜಿಂದ ವರ್ಗ ಆಗಿ ಬರುವವರೂ ಇದೇ 26ರೊಳಗೆ. ಇದರಲ್ಲಿ ಪೆಟ್ಟು ಬಿದ್ದಿರೋದು ತಡವಾಗಿ ಬೆಳೆಯುವ ಹುಡುಗರಿಗೆ. 19ಕ್ಕೆ ಉದ್ದ ಬಂದು 20ಕ್ಕೆ ಆಟ ಕುದುರುವ ಡಿಫೆನ್ಸ್ ಹುಡುಗರನ್ನು ಹಿಂದೆ ನಮ್ಮಂಥ ತಂಡಗಳು ಕಾದು ತಗೊಳ್ತಿದ್ದವು. ಈಗ ಅದೇ ಜಾಗಕ್ಕೆ ಪಳಗಿದ ಮೇಜರ್ ಜೂನಿಯರ್ ಆಟಗಾರ ಸಿಗ್ತಾನೆ. ನನಗೆ ಇದು ಬೇಜಾರಿನ ಸಂಗತಿ. ನಾನು ವಿಡಿಯೋ ಕತ್ತರಿಸಿದ ಒಳ್ಳೊಳ್ಳೆ ಹುಡುಗರು ಅದೇ ವಯಸ್ಸಿನಲ್ಲಿ ಅರಳಿದವರು.

ನಾವು ನೋಡೋದೇನು ಅಂತ ನಿಮ್ಮ ಹುಡುಗನಿಗೆ ಹೇಳಿ. ಗೋಲುಗಳ ಹೈಲೈಟ್ ಬೇಡ. ಎದುರಾಳಿ ಪಕ್ ಅನ್ನು (ಚೆಂಡಿನ ಬದಲು ಇರುವ ರಬ್ಬರ್ ಬಿಲ್ಲೆ) ನಮ್ಮ ಮೂಲೆಗೆ ಹೊಡೀತಾನೆ, ಡಿಫೆನ್ಸ್ ಹುಡುಗ ಬೆನ್ನು ತಿರುಗಿಸಿ ಅದರ ಹಿಂದೆ ಓಡ್ತಾನೆ. ಪಕ್ ಮುಟ್ಟುವ ಮೊದಲು ಭುಜದ ಮೇಲಿಂದ ಹಿಂದೆ ನೋಡಿದನಾ? ಒಂದು ಸಲವಾ, ಎರಡು ಸಲವಾ? ಎರಡು ಸಲ ನೋಡಿದವನಿಗೆ ಮೈಮೇಲೆ ಬರೋನು ಯಾವ ಕಡೆಯಿಂದ ಬರ್ತಿದ್ದಾನೆ ಗೊತ್ತಿರುತ್ತೆ, ಪಾಸ್ ಎಲ್ಲಿಗೆ ಅಂತ ಮೊದಲೇ ತೀರ್ಮಾನ ಆಗಿರುತ್ತೆ. ನೋಡದವನು ರಿಂಕ್ ಸುತ್ತಲಿನ ಗಾಜಿಗೆ ಹೊಡೆದು ಕೈತೊಳೆದುಕೊಳ್ತಾನೆ. ಕೋಚ್‌ಗಳು ನನ್ನ ಪಕ್ಕ ಕೂತು ಆ ಒಂದೆರಡು ಸೆಕೆಂಡನ್ನೇ ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ನೋಡ್ತಾರೆ. ಆಮೇಲೆ ಪಕ್ ಕಳಕೊಂಡ ತಕ್ಷಣದ ಮೂರು ಹೆಜ್ಜೆ. ಆಮೇಲೆ ಬೆಂಚು: ತಪ್ಪು ಮಾಡಿ ಬಂದು ಕೂತಾಗ ಪಕ್ಕದವನ ಜೊತೆ ಮಾತಾಡ್ತಾನಾ, ಸ್ಟಿಕ್ ಬಡೀತಾನಾ. ಹಾಗಾಗಿ ಕಳಿಸೋದಾದರೆ ಒಂದಿಡೀ ಆಟದ ಎಲ್ಲ ಶಿಫ್ಟ್‌ಗಳನ್ನೂ ಕಳಿಸಲಿ, ಕೆಟ್ಟವೂ ಇರಲಿ.

ಮೇಲ್ ಅವನೇ ಬರೀಬೇಕು, ನೀವಲ್ಲ. ಹುಟ್ಟಿದ ವರ್ಷ, ಎತ್ತರ, ಲೆಫ್ಟ್ ಶಾಟ್, ಜೆರ್ಸಿ ನಂಬರ್, ಮುಂದಿನ ಆಟಗಳು ಯಾವ ರಿಂಕ್‌ನಲ್ಲಿ ಎಷ್ಟು ಹೊತ್ತಿಗೆ, ಅಂಕಪಟ್ಟಿ, ಈಗಿನ ಕೋಚ್ ಫೋನ್ ನಂಬರ್. ಅಷ್ಟು ಸಾಕು.

ನಿಮ್ಮನೆಯವರ ಚಿಂತೆಗೆ ಒಂದು ಮಾತು: ಓದು ನಿಲ್ಲಿಸೋ ಹಾಗೇ ಇಲ್ಲ. ಡಿವಿಷನ್ 1ಕ್ಕೆ 16 ಕೋರ್ ಕೋರ್ಸ್ (ಇಂಗ್ಲಿಷ್, ಗಣಿತ, ವಿಜ್ಞಾನದಂಥ ಮುಖ್ಯ ವಿಷಯಗಳು) ಬೇಕು, ಅದರಲ್ಲಿ 10 ಹನ್ನೆರಡನೇ ಕ್ಲಾಸ್ ಶುರುವಾಗುವ ಮೊದಲೇ ಮುಗೀಬೇಕು, ಜಿಪಿಎ (ಅಂಕಗಳ ಸರಾಸರಿ) ಕನಿಷ್ಠ 2.3. ಜೂನಿಯರ್ ಆಡುವ ಎರಡು ವರ್ಷದಲ್ಲಿ ಅಂಕ ಸರಿಮಾಡಿಕೊಳ್ತೀನಿ ಅನ್ನೋಕಾಗಲ್ಲ. ಹೈಸ್ಕೂಲ್ ಮುಗಿದ ಮೇಲೆ ಸೇರಿಸೋಕೆ ಸಿಗೋದು ಒಂದೇ ಒಂದು ಕೋರ್ಸ್. ಅಂಕ ಚೆನ್ನಾಗಿದ್ದರೆ ಬಾಗಿಲು ಇನ್ನೂ ಹೆಚ್ಚು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕಾರ್ನೆಲ್, ಬ್ರೌನ್, ಡಾರ್ಟ್‌ಮತ್ ಆರೂ ಡಿವಿಷನ್ 1 ಆಡ್ತವೆ. ಆಟಕ್ಕೆ ಸ್ಕಾಲರ್‌ಶಿಪ್ ಕೊಡೋದಿಲ್ಲ, ಮನೆಯ ಆದಾಯ ನೋಡಿ ನೆರವು ಕೊಡ್ತವೆ.

ಕೊನೆಯದು, ಇಲ್ಲಿಯ ಗೋರಾ ಅಪ್ಪ ಅಮ್ಮಂದಿರು ಯಾರೂ ನಿಮಗೆ ಹೇಳದ್ದು. 2010ರ ಹುಡುಗನಿಗೆ 2031ಕ್ಕೆ 21. ಅವತ್ತಿಗೆ ಎಚ್-4 ಮುಗೀತು. ಜೂನಿಯರ್ ಎರಡು ವರ್ಷ ಸೇರಿಸಿದರೆ ಆಗ ಅವನು ಕಾಲೇಜ್ ಮೊದಲ ಅಥವಾ ಎರಡನೇ ವರ್ಷದಲ್ಲಿ, ಅಂದರೆ ಸೀಸನ್ ನಡುವೆ ವೀಸಾ ಕೆಲಸ. ಮೊದಲೇ ಎಫ್-1ಕ್ಕೆ (ವಿದ್ಯಾರ್ಥಿ ವೀಸಾ) ಬದಲಾಯಿಸಬೇಕು ಅನ್ನೋದನ್ನು ಈಗಲೇ ವಕೀಲರ ಹತ್ತಿರ ಮಾತಾಡಿ, ಕೋಚ್‌ಗೂ ಮುಚ್ಚಿಡಬೇಡಿ. ಸ್ಕಾಲರ್‌ಶಿಪ್‌ಗೆ ಎಫ್-1 ಅಡ್ಡಿಯಲ್ಲ. ಜಾಹೀರಾತು, ಕಾಲೇಜ್ ಹಂಚುವ ಆದಾಯದ ಪಾಲು ಇಂಥ ದುಡ್ಡಿಗೆ ಮಾತ್ರ ವಕೀಲರನ್ನು ಕೇಳದೆ ಸಹಿ ಹಾಕಬೇಡಿ.

ಧಾರವಾಡ–ಮಿಸಿಸಾಗಾ:

ಅರಸೀಕೆರಿ ಸರ್ ಹೇಳಿದ್ದು ಖರೇನ. ಆದ್ರ ಇದನ್ನ ಓದೋ ಹೆಣ್ಣಮಕ್ಕಳ ತಂದಿತಾಯಿ ಗಾಬರಿ ಆಗಬ್ಯಾಡ್ರಿ, ಅವರ ಲೆಕ್ಕಾನ ಬ್ಯಾರೆ. ನನ್ನ ಮಗಳು ಗೋಲಿ. ಹುಡುಗಿಯರಿಗೆ ಈ ಎರಡು ವರ್ಷ ಕಾಯೋದು ಇಲ್ರಿ, ಹೈಸ್ಕೂಲ್ ಮುಗಿಸಿ ಸೀದಾ ಕಾಲೇಜಿಗೆ ಹೋಗ್ತಾರ. ಅದಕ್ಕ ಕೋಚ್‌ಗಳು ಹುಡುಕೋದೂ ಹೈಸ್ಕೂಲ್ ವಯಸ್ಸಿನ ಕ್ಲಬ್ ಟೂರ್ನಮೆಂಟಿನಾಗ, ಪ್ರೆಪ್ ಸ್ಕೂಲಿನಾಗ (ಕಾಲೇಜಿಗೆ ತಯಾರು ಮಾಡೋ ಖಾಸಗಿ ಹೈಸ್ಕೂಲ್). ಮಾತಾಡ್ಲಿಕ್ಕೆ ಶುರು ಮಾಡೋ ದಿನಾನೂ ಬ್ಯಾರೆ, ಹತ್ತನೇ ಕ್ಲಾಸ್ ಮುಗದ ಮ್ಯಾಲಿನ ಜೂನ್ 15. ಗೋಲಿ ಇದ್ರ ಇನ್ನೊಂದ್ ತಿಳ್ಕೋರಿ: ತಂಡಕ್ಕ ಮೂರು ಗೋಲಿ, ಆಡಾಕಿ ಒಬ್ಬಾಕಿ. ಕಾಲೇಜಿನ ಹೆಸರಿಗಿಂತ ಮೊದ್ಲ ಅಲ್ಲಿರೋ ಗೋಲಿ ಯಾವ ವರ್ಷದಾಕಿ ಅಂತ ನೋಡ್ರಿ.

ಆನ್ ಆರ್ಬರ್ ಹುಡುಗ:

ಆಂಟಿ, ನಾನು ಎಸಿಎಚ್‌ಎ ತಂಡದಲ್ಲಿ ಆಡ್ತೀನಿ, ಅಂದರೆ ಕ್ಲಬ್ ಹಾಕಿ. ಜೂನಿಯರ್‌ಗೆ ಹೋಗದೆ ನೇರ ಎಂಜಿನಿಯರಿಂಗ್ ಸೇರಿದೆ. ದುಡ್ಡು ನಾವೇ ಕಟ್ಟಬೇಕು, ರಿಂಕ್ ಸಿಗೋದು ರಾತ್ರಿ ಹೊತ್ತಾದ ಮೇಲೆ. ಆದರೆ ಬಸ್ಸಲ್ಲಿ ಊರೂರಿಗೆ ಹೋಗಿ ಆಡ್ತೀವಿ, ಆಟ ಗಟ್ಟಿಯಾಗೇ ಇರುತ್ತೆ. ಎನ್‌ಸಿಎಎಯ ಕೆಳಗಿನ ಮಟ್ಟವಾದ ಡಿವಿಷನ್ 3 ಕೂಡ ನೋಡಿ, ಅಡ್ರಿಯನ್ ಕಾಲೇಜ್ ನಿಮ್ಮಿಂದ ದೂರ ಇಲ್ಲ. ಆಟದ ಸ್ಕಾಲರ್‌ಶಿಪ್ ಅಲ್ಲಿಲ್ಲ, ಅಂಕದ ಮೇಲೆ ಸಿಗುತ್ತೆ. ಅಲ್ಲಿಗೂ ಜೂನಿಯರ್ ಆಡಿದವರೇ ಜಾಸ್ತಿ ಅನ್ನೋದು ಮಾತ್ರ ಗೊತ್ತಿರಲಿ.

ನೊವೈ ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 2031ರ ಲೆಕ್ಕ ನಮ್ಮ ತಲೆಗೇ ಹೊಳೆದಿರಲಿಲ್ಲ, ನಮ್ಮನೆಯವರು ಆಗಲೇ ವಕೀಲರಿಗೆ ಮೇಲ್ ಹಾಕಿದ್ದಾರೆ. ಅರಸೀಕೆರೆ ಸರ್, ಇನ್ನೆರಡು ಪ್ರಶ್ನೆ. ಒಬ್ಬರು ಅಡ್ವೈಸರ್ ಅಂತ ಪರಿಚಯ ಮಾಡಿಕೊಂಡು, ತಿಂಗಳಿಗೆ ಇಷ್ಟು ಕೊಡಿ ಕಾಲೇಜಿಗೆ ಸೇರಿಸೋದು ನನ್ನ ಜವಾಬ್ದಾರಿ ಅಂತಿದ್ದಾರೆ. ಕೊಡಬೇಕಾ? ಮತ್ತೆ ಆ ಕೋಚ್ ಮುಂದಿನ ವಾರ ಮತ್ತೆ ಫೋನ್ ಮಾಡ್ತಾರೆ, ಏನು ಕೇಳಲಿ? ನಾವು ಸಸ್ಯಾಹಾರಿಗಳು ಬೇರೆ, ಬಿಲೆಟ್ ಮನೆಯಲ್ಲಿ ಹೇಗೋ ಅಂತ ನನಗೆ ಈಗಿಂದಲೇ ಯೋಚನೆ.

ಅರಸೀಕೆರೆಯವನು:

ಸೇರಿಸೋ ಜವಾಬ್ದಾರಿ ನನ್ನದು ಅನ್ನುವವರಿಗೆ ಒಂದು ಡಾಲರೂ ಕೊಡಬೇಡಿ. ಯಾರ ಕೈಯಲ್ಲೂ ಅದಿಲ್ಲ. ಒಳ್ಳೆಯ ಅಡ್ವೈಸರ್‌ಗಳೂ ಇದ್ದಾರೆ, ಒಪ್ಪಂದ ಓದಿಸೋಕೆ, ಯಾವ ಜೂನಿಯರ್ ತಂಡ ಸರಿ ಅಂತ ತಿಳಿಯೋಕೆ ಉಪಯೋಗಕ್ಕೆ ಬರ್ತಾರೆ. ಆದರೆ ಹತ್ತನೇ ಕ್ಲಾಸಿಗೆ ಅವರು ಬೇಕಿಲ್ಲ. ನಮ್ಮ ಕೋಚ್‌ಗಳು ಫೋನ್ ಎತ್ತೋದು ಹುಡುಗನ ಈಗಿನ ಕೋಚ್ ಕರೆ ಮಾಡಿದಾಗ.

ಫೋನ್‌ನಲ್ಲಿ ಮಾತಾಡೋದು ಮಗನೇ ಆಗಿರಲಿ, ನೀವು ಪಕ್ಕದಲ್ಲಿ ಕೂತಿರಿ. 2030ಕ್ಕೆ ಲೆಫ್ಟ್ ಶಾಟ್ ಡಿಫೆನ್ಸ್‌ಗೆ ಈಗಾಗಲೇ ಎಷ್ಟು ಜನರ ಜೊತೆ ಮಾತಾಡಿದ್ದೀರಿ ಅಂತ ಕೇಳಲಿ. ನೇರ ಉತ್ತರ ಕೊಟ್ಟರೆ ಒಳ್ಳೆಯ ಜಾಗ. ಮುಂದಿನ ಎರಡು ಸೀಸನ್ ನಾನು ಎಲ್ಲಿ ಆಡಿದರೆ ನಿಮಗೆ ಇಷ್ಟ, ನನ್ನ ಆಟದಲ್ಲಿ ಯಾವುದು ಕಡಿಮೆ ಅಂತಲೂ ಕೇಳಲಿ. ನೀವು ಕೇಳಬೇಕಾದ್ದು ಒಂದೇ: ಪೆಟ್ಟಾಗಿ ಒಂದು ಸೀಸನ್ ಕೂತರೆ ಸ್ಕಾಲರ್‌ಶಿಪ್ ಗತಿ ಏನು? ಕಾಗದದಲ್ಲಿ ಎಷ್ಟು ವರ್ಷಕ್ಕೆ ಬರೆದು ಕೊಡ್ತೀರಿ?

ಊಟದ ವಿಷಯ ಜೂನಿಯರ್ ತಂಡಕ್ಕೆ ಮೊದಲೇ ಹೇಳಿಬಿಡಿ, ಬಿಲೆಟ್ ಮನೆ ಗೊತ್ತುಮಾಡಲು ಒಬ್ಬರು ಇರ್ತಾರೆ, ಅವರು ಹೊಂದುವ ಮನೆ ನೋಡ್ತಾರೆ. ಆದರೆ ಬಸ್ ಪ್ರಯಾಣದಲ್ಲಿ ಆಟ ಮುಗಿದ ಮೇಲೆ ಎಲ್ಲರಿಗೂ ಒಂದೇ ಊಟ ಬರುತ್ತೆ, ಹೆಚ್ಚಾಗಿ ಕೋಳಿ. ದಿನಕ್ಕೆ ಅಷ್ಟು ಬೆವರು ಹರಿಸುವ ಹುಡುಗನಿಗೆ ಬರೀ ಬ್ರೆಡ್ಡು ಪಾಸ್ತಾ ಸಾಲದು. ಅನ್ನ, ಬೇಳೆ, ರಾಜ್ಮಾ ಕುಕ್ಕರಿನಲ್ಲಿ ತಾನೇ ಬೇಯಿಸಿಕೊಳ್ಳೋದನ್ನು ಹೈಸ್ಕೂಲ್ ಮುಗಿಯೋ ಮುಂಚಿನ ಈ ಎರಡು ವರ್ಷದಲ್ಲಿ ಕಲಿಸಿ.