ಪಡುಗೋಡೆಯ ಬಿಸಿ: ಹಳೆಯ ಮುರಕಲ್ಲಿನ ಮನೆಗೆ ಒಳಗಿಂದ ಥರ್ಮೋಕೋಲ್ ಹಾಕಬಹುದೇ?

ಸೀತಾಂಗೋಳಿಯವ:

ಮನೆ ಕಾಸರಗೋಡು ಜಿಲ್ಲೆಯಲ್ಲಿ, 1980ರ ದಶಕದ್ದು. ಒಂಬತ್ತು ಇಂಚಿನ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆ, ಒಳಗೂ ಹೊರಗೂ ಸಿಮೆಂಟು ಸಾರಣೆ, ಹೊರಗೆ ಕಡು ಕಾವಿ ಬಣ್ಣ. ಹಿಂದಿನ ಭಾಗಕ್ಕೆ ಹಂಚಿನ ಮಾಡು, ಎದುರಿನ ಎರಡು ಕೋಣೆಗೆ ತಾರಸಿ. ತೊಂದರೆ ಇರುವುದು ಪಡುಬದಿಯ ಮಲಗುವ ಕೋಣೆಯದ್ದು: 12 ಅಡಿಗೆ 12 ಅಡಿ, ಮೇಲೆ ಬರೀ ತಾರಸಿ. ಪಡುಗೋಡೆ 12 ಅಡಿ ಉದ್ದ, 10 ಅಡಿ ಎತ್ತರ, ಅದರಲ್ಲಿ 4 ಅಡಿಗೆ 4 ಅಡಿಯ ಗಾಜಿನ ಕಿಟಕಿ. ಮಾರ್ಚಿನಿಂದ ಮೇ ತನಕ ರಾತ್ರಿ ಹನ್ನೊಂದಾದರೂ ಗೋಡೆ ಮುಟ್ಟಿದರೆ ಬಿಸಿ. ಒಂದು ಟನ್ನಿನ ಎಸಿ ಉಂಟು, ನಿಲ್ಲದೆ ಓಡುತ್ತದೆ.

ಇಂಟೀರಿಯರ್ ಕೆಲಸದವರು ಗೋಡೆಯ ಒಳಮೈಗೆ 2 ಇಂಚು ಥರ್ಮೋಕೋಲ್, ಅದರ ಮೇಲೆ ಬೆಳ್ಳಿ ಹಾಳೆ (ಅಲ್ಯುಮಿನಿಯಂ ಫಾಯಿಲ್), ಮತ್ತೆ ಜಿಪ್ಸಮ್ ಬೋರ್ಡ್ ಎಂದು ಲೆಕ್ಕ ಕೊಟ್ಟಿದ್ದಾರೆ. ಮಳೆಗಾಲದಲ್ಲಿ ಎಡವಟ್ಟಾಗುತ್ತದಾ? ಹೊರಗಿಂದ ಮಾಡುವುದಾದರೆ ಹೇಗೆ?

ಇಂಗುಗುಂಡಿ:

ಆ ಲೆಕ್ಕದ ಚೀಟಿಯನ್ನು ಬದಿಗಿಡಿ. ಬೆಳ್ಳಿ ಹಾಳೆಯನ್ನು ಒಳಬದಿಗೆ ಹಾಕುವುದು ಹಿಮ ಬೀಳುವ ಊರುಗಳ ಕ್ರಮ. ಅಲ್ಲಿ ಒಳಗೆ ಬೆಚ್ಚಗೆ, ಹೊರಗೆ ಚಳಿ, ಹಬೆ ಒಳಗಿನಿಂದ ಹೊರಕ್ಕೆ ಹೋಗುತ್ತದೆ. ನಮ್ಮಲ್ಲಿ ಎಸಿ ಹಾಕಿದ ಕೋಣೆಗೆ ಹಬೆ ಬರುವುದು ಹೊರಗಿನಿಂದ. ಹೊರಗೆ 32 ಡಿಗ್ರಿ, ತೇವಾಂಶ ಶೇ. 75 ಇದ್ದರೆ ಆ ಗಾಳಿಯ ಇಬ್ಬನಿ ಬಿಂದು, ಅಂದರೆ ಹಬೆ ಹನಿಗಟ್ಟಲು ಶುರುವಾಗುವ ಮಟ್ಟ, ಸುಮಾರು 27 ಡಿಗ್ರಿ. ನಿಮ್ಮ ಎಸಿ 24ರಲ್ಲಿದ್ದರೆ ಬೆಳ್ಳಿ ಹಾಳೆ 25ರ ಆಸುಪಾಸಿಗೆ ಇಳಿದಿರುತ್ತದೆ. ಮುರಕಲ್ಲು ತೂತು ತೂತಿನ ಕಲ್ಲು, ಹಬೆಗೆ ಅಡ್ಡಿ ಮಾಡುವುದಿಲ್ಲ. ಥರ್ಮೋಕೋಲಿನ ಸಂದುಗಳಲ್ಲಿ ನುಸುಳಿದ ಹಬೆ ಆ ಹಾಳೆಯ ಬೆನ್ನಿಗೆ ತಾಗಿ ನೀರಾಗುತ್ತದೆ. ತಣ್ಣನೆ ಚೊಂಬಿನ ಹೊರಮೈ ಬೆವರುವ ಹಾಗೆಯೇ. ವ್ಯತ್ಯಾಸ ಇಷ್ಟೇ, ಇದು ಕಣ್ಣಿಗೆ ಕಾಣುವುದಿಲ್ಲ. ಬೂಸ್ಟಿನ ವಾಸನೆ ಬಂದಾಗಲೇ ಗೊತ್ತಾಗುವುದು. ಅಷ್ಟರಲ್ಲಿ ಜಿಪ್ಸಮಿನ ಕಾಗದ ಕಪ್ಪಾಗಿರುತ್ತದೆ.

ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. ಥರ್ಮೋಕೋಲಿಗೆ ತಾಗಿಕೊಂಡು ಪಿವಿಸಿ ವಯರ್ ಹೋದರೆ, ವಯರನ್ನು ಮೆದುವಾಗಿ ಇಡುವ ಎಣ್ಣೆಯಂಥ ಅಂಶ ಥರ್ಮೋಕೋಲಿಗೆ ಇಳಿಯುತ್ತದೆ. ವರ್ಷಗಳು ಕಳೆದಂತೆ ವಯರು ಗಟ್ಟಿಯಾಗಿ ಬಿರಿಯುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ಸಾರಣೆ ಸಹಿತ ಒಂಬತ್ತು ಇಂಚಿನ ಮುರಕಲ್ಲಿನ ಗೋಡೆಯ ಯು-ಮೌಲ್ಯ ಅಂದಾಜು 2.3. ಅಂದರೆ ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ 2.3 ವ್ಯಾಟ್. ಕಿಟಕಿ ಕಳೆದರೆ ಗೋಡೆ 9.6 ಚದರ ಮೀಟರ್. ಬಿಸಿಲಿಗೆ ಹೊರಮೈ 50 ಡಿಗ್ರಿ, ಒಳಗೆ 26 ಎಂದಿಟ್ಟುಕೊಂಡರೂ ಸುಮಾರು 500 ವ್ಯಾಟ್. ಅದೇ ಕಿಟಕಿಯ ಗಾಜು ಒಂದೂವರೆ ಚದರ ಮೀಟರ್ ಮಾತ್ರ, ಆದರೆ ಸಂಜೆಯ ನೇರ ಬಿಸಿಲಿಗೆ 600 ವ್ಯಾಟಿನ ಮೇಲೆ ಒಳಗೆ ಬಿಡುತ್ತದೆ. ತಾರಸಿಯದ್ದು ಮಧ್ಯಾಹ್ನ 1300 ವ್ಯಾಟಿನ ಹತ್ತಿರ. ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಒಂದು ಟನ್ ಎಸಿಯ ಸಾಮರ್ಥ್ಯ 3500 ವ್ಯಾಟ್. ಎಸಿ ಯಾಕೆ ನಿಲ್ಲುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲೇ ಉಂಟು, ಗೋಡೆಯದ್ದು ಮೂರನೇ ಸ್ಥಾನ.

ರಾತ್ರಿ ಹನ್ನೊಂದಕ್ಕೆ ಗೋಡೆ ಬಿಸಿ ಎನ್ನುತ್ತೀರಲ್ಲ, ಸಂಜೆ ನಾಲ್ಕರ ಬಿಸಿಲು ಅಷ್ಟು ದಪ್ಪದ ಕಲ್ಲನ್ನು ದಾಟಲು ಆರೇಳು ಗಂಟೆ ಬೇಕು. ಸರಿಯಾಗಿ ಮಲಗುವ ಹೊತ್ತಿಗೆ ಬಂದು ಮುಟ್ಟುತ್ತದೆ.

ಮೊದಲು ತಾರಸಿ. ಬಿಳಿ ಪ್ರತಿಫಲನ ಬಣ್ಣ ಎರಡು ಕೋಟು ಹೊಡೆದರೂ ದೊಡ್ಡ ಬದಲಾವಣೆ ಕಾಣುತ್ತದೆ, ಆದರೆ ಮಳೆಗಾಲದ ಹಾವಸೆಯಿಂದ ಕಪ್ಪಾಗುತ್ತದೆ, ಪ್ರತಿ ವರ್ಷ ಡಿಸೆಂಬರಿನಲ್ಲಿ ಉಜ್ಜಿ ತೊಳೆಯಬೇಕು. ಶೀಟಿನ ಮಾಡು ಹಾಕುವ ಯೋಚನೆ ಇದ್ದರೆ ನಾಲ್ಕೂ ಬದಿ ತೆರೆದಿಡಿ. ಬದಿ ಮುಚ್ಚಿದ ಶೀಟಿನಡಿ ಒಲೆಯಾಗುತ್ತದೆ. (ತಾರಸಿಯಲ್ಲಿ ಅಡಿಕೆ ಒಣಗಿಸುವವರ ಕೋಣೆ ಜನವರಿಯಲ್ಲಿ ತಂಪಾಗಿರುತ್ತದೆ ಎನ್ನುವುದು ಸುಳ್ಳಲ್ಲ, ಬಿಸಿಲನ್ನು ಅಡಿಕೆಯೇ ತಿನ್ನುತ್ತದೆ.)

ಬಸಳೆಚಪ್ಪರ:

ಮೇಲಿನವರ ಲೆಕ್ಕ ಸರಿ. ಕಿಟಕಿಗೆ ಒಳಗಿನ ಪರದೆ ಸಾಲದು, ಗಾಜು ದಾಟಿ ಬಂದ ಬಿಸಿ ಕೋಣೆಯಲ್ಲೇ ಉಳಿಯುತ್ತದೆ. ಹೊರಗೆ ಬಿದಿರಿನ ತಟ್ಟಿ ಇಳಿಬಿಡಿ. ಎರಡಡಿ ಸಜ್ಜಾ ಉಂಟಲ್ಲ ಎನ್ನಬೇಡಿ. ಏಪ್ರಿಲಿನಲ್ಲಿ ಸಂಜೆ ನಾಲ್ಕಕ್ಕೆ ಅದರ ನೆರಳು ಕಿಟಕಿಯ ಮೇಲಿನ ಒಂದೂವರೆ ಅಡಿಗೆ ಮಾತ್ರ. ಐದು ಗಂಟೆಗೆ ಒಂದಡಿಯೂ ಇಲ್ಲ. ಪಡುಬದಿಗೆ ಅಡ್ಡ ಸಜ್ಜಾಕ್ಕಿಂತ ಇಳಿಬಿಟ್ಟ ತಟ್ಟಿಯೇ ಸರಿ.

ಗೋಡೆಗೂ ನೆರಳಿನ ದಾರಿ ಅಗ್ಗದ್ದು. ಗೋಡೆಯಿಂದ ಎರಡಡಿ ಹೊರಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಕಂಬ ಊರಿ, ತಂತಿ ಕಟ್ಟಿ, ಬಸಳೆಯೋ ತೊಂಡೆಯೋ ಹಬ್ಬಿಸಿ. ಫೆಬ್ರವರಿಗೆ ಚಪ್ಪರ ತುಂಬಬೇಕಾದರೆ ನವೆಂಬರಿನಲ್ಲೇ ಬಳ್ಳಿ ನೆಡಬೇಕು. ಬಳ್ಳಿ ಗೋಡೆಗೇ ಹತ್ತಲು ಬಿಡಬೇಡಿ, ಬೇರು ಮುರಕಲ್ಲಿನ ಸಂದಿಗೆ ಇಳಿದು ಗಾರೆ ಬಿಡಿಸುತ್ತದೆ, ಮಳೆಗಾಲದಲ್ಲಿ ಗೋಡೆ ಒಣಗುವುದೇ ಇಲ್ಲ. ಬಳ್ಳಿ ಬೇಡವಾದರೆ ಶೇ. 75ರ ನೆರಳು ಬಲೆ. ಹಿಂದೆ ಮಳೆಗಾಲಕ್ಕೆ ಮೊದಲು ಪಡುಬದಿಗೆ ಸೋಗೆ ತಟ್ಟಿ ಕಟ್ಟುತ್ತಿದ್ದದ್ದು ಇರಿಚಲಿಗೆ, ಅದನ್ನೇ ಮಾರ್ಚಿನಲ್ಲಿ ಕಟ್ಟಿದರೆ ಬಿಸಿಲಿಗೂ ಆಯಿತು.

ಮತ್ತೆ ಆ ಕಾವಿ ಬಣ್ಣ! ಕಡು ಬಣ್ಣ ಬಿಸಿಲಿನ ಮುಕ್ಕಾಲು ಪಾಲು ಕುಡಿಯುತ್ತದೆ, ಹೊಸ ಬಿಳಿ ಗೋಡೆ ಕುಡಿಯುವುದು ಮೂರರಲ್ಲೊಂದು ಪಾಲು. ಪಡುಗೋಡೆಯೊಂದಕ್ಕಾದರೂ ಬಿಳಿ ಹೊಡೆಯಿರಿ.

ಹಿಂದಿನ ಹಂಚಿನ ಕೋಣೆಗಳಿಗೆ ಗೋಡೆಗೆ ಬಿಸಿ ತಡೆಯುವ ನಿರೋಧಕ ಎಂದು ಒಂದು ರೂಪಾಯಿಯೂ ಹಾಕಬೇಡಿ. ಕಿಟಕಿ ತೆರೆದಿದ್ದು, ಹಂಚಿನ ಸಂದಿಯಲ್ಲಿ ಗಾಳಿ ಆಡುವಲ್ಲಿ ಒಳಗಿನ ಗಾಳಿ ಹೊರಗಿನಷ್ಟೇ ಬಿಸಿ. ಅಲ್ಲಿ ನೆರಳು ಮತ್ತು ಫ್ಯಾನು, ಅಷ್ಟೇ.

ಮೂಲೆಕಲ್ಲು:

ನೆರಳಿನ ನಂತರವೂ ಎಸಿ ಕೋಣೆಗೆ ನಿರೋಧಕ ಬೇಕು ಎಂದಾದರೆ ಹೊರಗಿಂದಲೇ. ಪದರಗಳ ಕ್ರಮ: ಕಲ್ಲು, ನಿರೋಧಕ ಫಲಕ, ಗಾಳಿಯ ಸಂದು, ಹೊರಗೆ ಫೈಬರ್ ಸಿಮೆಂಟ್ ಬೋರ್ಡ್. ಫಲಕದ ಮೇಲೆ ನೇರವಾಗಿ ಜಾಲರಿ ಇಟ್ಟು ಸಾರಣೆ ಮಾಡುವ ಪದ್ಧತಿಯೂ ಉಂಟು. ಆದರೆ ವರ್ಷಕ್ಕೆ 3500 ಮಿ.ಮೀ. ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ, ಅದೂ ಪಡುಗಾಳಿಯ ಇರಿಚಲಿಗೆ ಎದುರಾದ ಗೋಡೆಯಲ್ಲಿ ಅದನ್ನು ನಂಬಲಾರೆ. ಕಿಟಕಿಯ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಸಾಕು, ಒಳಗೆ ಹೋದ ನೀರಿಗೆ ಹೊರಬರುವ ದಾರಿ ಇಲ್ಲ. ಸಂದು ಇದ್ದರೆ ನೀರು ಕೆಳಗೆ ಇಳಿದು ಹೋಗುತ್ತದೆ, ಬೋರ್ಡಿನ ಬಿಸಿಯನ್ನು ಗಾಳಿ ಮೇಲಿನಿಂದ ಕೊಂಡೊಯ್ಯುತ್ತದೆ.

ಫಲಕ: ಎಕ್ಸ್‌ಪಿಎಸ್ (ಥರ್ಮೋಕೋಲಿನ ಜಾತಿಯದೇ ಗಟ್ಟಿ ಫೋಮ್) ತೆಗೆದುಕೊಳ್ಳಿ, ನೀರು ಕುಡಿಯುವುದು ತೀರಾ ಕಡಿಮೆ. ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ಒದ್ದೆಯಾದರೆ ಕಂಬಳಿ ಇದ್ದ ಹಾಗೆ. ಒಂದು ಇಂಚಿಗೆ ಯು-ಮೌಲ್ಯ 2.3ರಿಂದ ಸುಮಾರು 0.8ಕ್ಕೆ ಬರುತ್ತದೆ, ಎರಡು ಇಂಚಿಗೆ 0.5. ಮೊದಲ ಇಂಚಿನ ಲಾಭವೇ ಹೆಚ್ಚು. 1250 x 600 ಮಿ.ಮೀ. ಅಳತೆಯ ಫಲಕವಾದರೆ ಕತ್ತರಿಸಿದ ನಷ್ಟ ಸೇರಿ 14 ಸಾಕು. ಅಂಟನ್ನು ಅಂಚಿಗೆ ಸುತ್ತ ಒಂದು ಪಟ್ಟಿ, ಮಧ್ಯೆ ಮೂರು ಮುದ್ದೆ ಹೀಗೆ ಹಚ್ಚಬೇಕು. ಬರೀ ಮುದ್ದೆ ಇಟ್ಟರೆ ಫಲಕದ ಹಿಂದೆ ಗಾಳಿ ಓಡಾಡಿ ಎಲ್ಲ ವ್ಯರ್ಥ.

ಚೌಕಟ್ಟಿಗೆ 50 x 25 ಮಿ.ಮೀ. ಅಲ್ಯುಮಿನಿಯಂ ಪೈಪ್, ಎರಡಡಿಗೊಂದು ನೆಟ್ಟಗೆ: 12 ಅಡಿಗೆ 7 ಸಾಲು, ಅಂದರೆ 70 ಅಡಿ. ಕಿಟಕಿ ಸುತ್ತಲಿನದು ಬೇರೆ. ಫಾಲ್ಸ್ ಸೀಲಿಂಗಿನ ತೆಳು ಜಿಐ ಪಟ್ಟಿ ಬೇಡ, ಉಪ್ಪು ಗಾಳಿಗೆ ಕತ್ತರಿಸಿದ ಅಂಚಿನಿಂದಲೇ ತುಕ್ಕು ಶುರು. ಸ್ಕ್ರೂ 304 ಸ್ಟೇನ್‌ಲೆಸ್. ಪೈಪನ್ನು ಫಲಕದ ಮೂಲಕ ಕಲ್ಲಿಗೇ ಬಿಗಿಯಬೇಕು. ಕಲ್ಲಿನೊಳಗೆ ಕನಿಷ್ಠ 70 ಮಿ.ಮೀ. ಇಳಿಯುವ ಆಂಕರ್ (ತೂತಿನಲ್ಲಿ ಬಿಗಿಯಾಗಿ ಕೂರುವ ಬೋಲ್ಟು), ಸಾಲಿಗೆ 6ರಂತೆ 42, ಕಿಟಕಿಗೆ ಇನ್ನೊಂದು ಎಂಟು ಹತ್ತು.

ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿ, ಬರೀ ತಿರುಗಿಸಿ ಕೊರೆಯಿರಿ. ಹ್ಯಾಮರಿಗೆ ಮುರಕಲ್ಲು ಒಳಗೇ ಪುಡಿಯಾಗುತ್ತದೆ, ತೂತು ದೊಡ್ಡದಾಗಿ ಆಂಕರ್ ಸುಮ್ಮನೆ ತಿರುಗುತ್ತದೆ. ಬಿಟ್ಟು ಹಾರಿದ ಹಾಗೆ ಅನಿಸಿದರೆ ಅಲ್ಲಿ ಟೊಳ್ಳು ಉಂಟು, ಎರಡು ಇಂಚು ಸರಿಸಿ ಹೊಸ ತೂತು ಮಾಡಿ. ಗಾರೆಯ ಸಂದಿಗೆ ಆಂಕರ್ ಹಾಕಬೇಡಿ, ಕಲ್ಲಿನ ನಡುವಿಗೇ ಹಾಕಿ.

ಬೋರ್ಡ್ 8 ಮಿ.ಮೀ., 8 x 4 ಅಡಿಯದ್ದು 5. ಎರಡರ ನಡುವೆ 4 ಮಿ.ಮೀ. ಸಂದು ಬಿಡಿ, ಕತ್ತರಿಸಿದ ಅಂಚಿಗೆ ಪ್ರೈಮರ್ ಹಚ್ಚಿ. ಕೆಳಗೆ ನೆಲದಿಂದ ಒಂದಡಿ ಬಿಟ್ಟೇ ಶುರು ಮಾಡಿ, ಫಲಕವನ್ನೂ ಸೇರಿಸಿ. ಒರಲೆ (ಗೆದ್ದಲು) ಥರ್ಮೋಕೋಲನ್ನಾಗಲಿ ಎಕ್ಸ್‌ಪಿಎಸ್ ಅನ್ನಾಗಲಿ ತಿನ್ನುವುದಿಲ್ಲ, ಆದರೆ ಅದರೊಳಗೆ ಸುರಂಗ ಮಾಡಿ ಪಕ್ಕಾಸಿನ ತನಕ ಹತ್ತುತ್ತದೆ. ಆ ಒಂದಡಿ ಬರಿಗೋಡೆ ಇದ್ದರೆ ಮಣ್ಣಿನ ದಾರಿ ಕಣ್ಣಿಗೆ ಬೀಳುತ್ತದೆ. ಕೆಳಗೂ ಮೇಲೂ ಒಂದಿಂಚು ತೆರೆದಿರಲಿ, ಸ್ಟೀಲಿನ ಸಣ್ಣ ಬಲೆ ಹಾಕಿ. ಇಲ್ಲದಿದ್ದರೆ ಕಣಜದ ಹುಳ ಮೊದಲ ವರ್ಷವೇ ಒಕ್ಕಲು.

ಎಲ್ಲಕ್ಕಿಂತ ಹೆಚ್ಚು ಹಾಳಾಗುವುದು ಕಿಟಕಿಯ ತಲೆ. ಬೋರ್ಡಿನ ಹಿಂದೆ ಇಳಿಯುವ ನೀರು ಅಲ್ಲಿಗೆ ಬಂದು ಚೌಕಟ್ಟಿಗೆ ಸುರಿಯುತ್ತದೆ. ಕಿಟಕಿಗಿಂತ ಎರಡೂ ಬದಿ ನಾಲ್ಕು ಇಂಚು ಉದ್ದದ ಅಲ್ಯುಮಿನಿಯಂ ತಗಡನ್ನು ಹೊರಕ್ಕೆ ಇಳಿಜಾರು ಮಾಡಿ, ಮೇಲಂಚನ್ನು ಫಲಕದ ಹಿಂದೆ ಗೋಡೆಯ ಸಾರಣೆಯಲ್ಲಿ ಹುದುಗಿಸಿ. ಸಿಲಿಕಾನ್ ತುಂಬಿದರೆ ಆಯಿತು ಎನ್ನುವ ಮೇಸ್ತ್ರಿಗೆ ಚಹಾ ಕೊಟ್ಟು ಕಳಿಸಿ.

ಸೀತಾಂಗೋಳಿಯವ:

ತುಂಬ ಉಪಕಾರ. ಒಂದು ಹೇಳಲು ಬಿಟ್ಟುಹೋಯಿತು: ಆ ಗೋಡೆಯ ಬುಡದಲ್ಲಿ ಒಳಗೆ ಎರಡಡಿ ತನಕ ಬಣ್ಣ ಹೊಪ್ಪಳೆ ಏಳುತ್ತದೆ, ಬಿಳಿ ಪುಡಿ ಉದುರುತ್ತದೆ. ಒಳಗೆ ಪುಟ್ಟಿ, ಅದರ ಮೇಲೆ ಎಮಲ್ಷನ್. ಇದರ ಮೇಲೆಯೇ ಹೊರಗಿನ ಕೆಲಸ ಮಾಡಬಹುದಾ? ಯಾವ ತಿಂಗಳು?

ಮೂಲೆಕಲ್ಲು:

ಮಾಡಬಾರದು. ಈಗ ನೆಲದ ಪಸೆ ಎರಡೂ ಬದಿಯಿಂದ ಅಷ್ಟಿಷ್ಟು ಆರುತ್ತಿದೆ. ಹೊರಗೆ ಎಕ್ಸ್‌ಪಿಎಸ್ ಹೊದಿಸಿದರೆ ಉಳಿಯುವುದು ಒಳಬದಿ ಮಾತ್ರ, ಅಲ್ಲಿ ಪುಟ್ಟಿ ಮತ್ತು ಎಮಲ್ಷನ್ ಬಾಗಿಲು ಹಾಕಿ ಕೂತಿವೆ. ಪಸೆ ಆಗ ಇನ್ನೂ ಮೇಲಕ್ಕೆ ಹತ್ತುತ್ತದೆ.

ಬಿಳಿ ಪುಡಿ ಎಂದರೆ ಉಪ್ಪು, ನೆಲದಿಂದ ಏರಿದ ನೀರು ಆರುವಾಗ ಬಿಟ್ಟುಹೋದದ್ದು. ಆದರೂ ಒಂದು ಪರೀಕ್ಷೆ: ಒಳಗೋಡೆಯಲ್ಲಿ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಎರಡು ದಿನ ಬಿಡಿ, ಎಸಿ ಹಾಕದೆ. ಹಾಳೆಯ ಹಿಂದೆ ಹನಿ ಕಂಡರೆ ನೀರು ಗೋಡೆಯದ್ದು, ಎದುರಿನ ಮೈಯಲ್ಲಿ ಕಂಡರೆ ಕೋಣೆಯ ಗಾಳಿಯದ್ದು. ಒಂದು ಬುಡದಲ್ಲಿ, ಒಂದು ಐದಡಿ ಎತ್ತರದಲ್ಲಿ ಹಾಕಿ ಹೋಲಿಸಿ.

ಮದ್ದು ಶುರುವಾಗುವುದು ಅಂಗಳದಿಂದ. ವರ್ಷ ವರ್ಷ ಮಣ್ಣು ಹಾಕಿ, ಇಂಟರ್‌ಲಾಕ್ ಹಾಕಿ ಅಂಗಳ ಪಂಚಾಂಗದ (ಮನೆಯ ಬುಡದ ಕಟ್ಟೆಯ) ಮಟ್ಟಕ್ಕೇ ಬಂದಿದ್ದರೆ ಮೊದಲು ಅದನ್ನು ಇಳಿಸಿ. ಒಳಗಿನ ನೆಲಕ್ಕಿಂತ ಆರು ಇಂಚಾದರೂ ತಗ್ಗಿರಬೇಕು, ನೀರು ಗೋಡೆಯಿಂದ ಹೊರಕ್ಕೆ ಹರಿಯಬೇಕು. ಎಷ್ಟೋ ಕಡೆ ಇಷ್ಟರಲ್ಲೇ ಮುಗಿಯುತ್ತದೆ.

ಆಮೇಲೆ ಒಳಗಿನ ಸಿಮೆಂಟು ಸಾರಣೆಯನ್ನು ಪಸೆಯ ಗೆರೆಗಿಂತ ಒಂದಡಿ ಮೇಲಿನ ತನಕ, ಅಂದರೆ ಮೂರಡಿ, ಕಿತ್ತುಹಾಕಿ. ಉದುರಿದ್ದನ್ನು ಅಂಗಳಕ್ಕೆ ಹಾಕಬೇಡಿ, ಉಪ್ಪು ತಿರುಗಿ ಬರುತ್ತದೆ. ಪಸೆ ಜೋರಾಗಿದ್ದರೆ ನೆಲದಿಂದ ಆರು ಇಂಚು ಮೇಲಿನ ಗಾರೆ ಸಾಲಿನಲ್ಲಿ 120 ಮಿ.ಮೀ.ಗೊಂದರಂತೆ 12 ಮಿ.ಮೀ. ತೂತು ಕೊರೆದು ಸಿಲೇನ್-ಸಿಲಾಕ್ಸೇನ್ ಕ್ರೀಮ್ (ನೀರು ಮೇಲೇರದಂತೆ ತಡೆಯುವ ರಾಸಾಯನಿಕ) ತುಂಬಿಸಬೇಕು. 12 ಅಡಿಗೆ 31 ತೂತು, ಆಚೆ ಮೈಗೆ 40 ಮಿ.ಮೀ. ಉಳಿಯುವಷ್ಟು ಆಳ. ದ್ರವರೂಪದ್ದು ಬೇಡ, ಮುರಕಲ್ಲಿನ ಟೊಳ್ಳಿಗೆ ಹರಿದು ಎಲ್ಲಿಗೋ ಹೋಗುತ್ತದೆ.

ಗೋಡೆ ಒಣಗಲು ಇಂಚಿಗೊಂದು ತಿಂಗಳು ಎಂಬುದು ಹಳೆಯ ಲೆಕ್ಕ. ಹಾಗಾಗಿ ಈ ನವೆಂಬರಿನಲ್ಲಿ ಕಿತ್ತು, ಹೊರಗಿನ ಫಲಕದ ಕೆಲಸವನ್ನು ಮುಂದಿನ ಡಿಸೆಂಬರಿಗೆ ಇಡಿ. ನಡುವಿನ ಬೇಸಿಗೆಗೆ ತಾರಸಿಯ ಬಿಳಿ, ಕಿಟಕಿಯ ತಟ್ಟಿ, ಚಪ್ಪರ ಸಾಕು. ಅಷ್ಟರಲ್ಲೇ ಎಸಿ ಆಗಾಗ ನಿಂತರೆ ಫಲಕದ ದುಡ್ಡು ಉಳಿಯಿತು.

ಇಂಗುಗುಂಡಿ:

ಒಳಗೆ ತಿರುಗಿ ಸಿಮೆಂಟು ಮಾಡಿಸಬೇಡಿ. ಸುಣ್ಣ ಒಂದು, ಮರಳು ಮೂರು, 12 ಮಿ.ಮೀ.ಯ ಎರಡು ಕೋಟು, ಮೇಲೆ ಬರೀ ಸುಣ್ಣದ ನೀರು ತೆಳುವಾಗಿ ಮೂರು ಸಲ. ಮರುವಾಯಿ ಚಿಪ್ಪಿನ ಸುಣ್ಣ ಸಿಕ್ಕಿದರೆ ಒಳ್ಳೆಯದು. ಪ್ರತಿ ಸಲ ಹೊಡೆಯುವ ಮೊದಲು ಗೋಡೆ ಒದ್ದೆ ಮಾಡಿ, ಒಣಗೋಡೆಗೆ ಹೊಡೆದದ್ದು ಕೈಗೆ ಹತ್ತುತ್ತದೆ. ಕಪಾಟನ್ನು ಆ ಗೋಡೆಗೆ ತಾಗಿಸದೆ ಮೂರು ಇಂಚು ಬಿಟ್ಟಿಡಿ.