ಅಡಿಕೆ, ಕಾಫಿ, ಚಿನ್ನ: ಆಮದು-ರಫ್ತಿನ ಅಂಕಿ ಓದುವುದು ಹೇಗೆ? (ಪ್ರಶ್ನೋತ್ತರ)

ಎಲ್ಲರಿಗೂ ನಮಸ್ಕಾರ. ಹೋದ ವಾರ ನಮ್ಮ ಈ ಗುಂಪಿನಲ್ಲಿ ಅಡಿಕೆ ಆಮದಿನ ವಿಷಯಕ್ಕೆ ಜಗಳವೇ ಆಯಿತಲ್ಲ, ಒಬ್ಬರು ಒಂದು ಅಂಕಿ ಹಾಕಿದರೆ ಇನ್ನೊಬ್ಬರು ಅದಕ್ಕೆ ಪೂರ್ತಿ ಉಲ್ಟಾ ಅಂಕಿ ಹಾಕಿದರು. ತಮಾಷೆ ಏನೆಂದರೆ ಇಬ್ಬರದ್ದೂ ಸರಿಯಾಗಿಯೇ ಇತ್ತು. ಅದನ್ನು ಹೇಳಿದ್ದಕ್ಕೆ ಅಡ್ಮಿನ್ ನಿಮ್ಮ ಪ್ರಶ್ನೆಗಳಿಗೆ ಉತ್ತರ ಹೇಳಲು ನನ್ನನ್ನೇ ಹಿಡಿದು ಕೂರಿಸಿದ್ದಾರೆ. ನಾನು ಮಂಗಳೂರಿನಲ್ಲಿ ಕಸ್ಟಮ್ಸ್ ಕ್ಲಿಯರೆನ್ಸ್ ಕೆಲಸದಿಂದ ಶುರು ಮಾಡಿದವನು, ಈಗ ಕೆಲವು ರಫ್ತುದಾರರಿಗೆ ಈ ಅಂಕಿಗಳನ್ನು ಓದಿ ಹೇಳುವುದೇ ಉದ್ಯೋಗ. ಕೇಳಿ.

ಪ್ರಶ್ನೆ: ಮೊದಲು ಇದನ್ನು ಹೇಳಿ ಸಾರ್. ಈ ಅಂಕಿ ಹುಟ್ಟುವುದು ಎಲ್ಲಿ? ಯಾರಾದರೂ ಕೂತು ಅಂದಾಜು ಮಾಡುತ್ತಾರಾ?

ಉತ್ತರ: ಅಂದಾಜಲ್ಲ, ಕಾಗದ. ಸರಕು ಹೊರಗೆ ಹೋಗುವಾಗ ಶಿಪ್ಪಿಂಗ್ ಬಿಲ್, ಒಳಗೆ ಬರುವಾಗ ಬಿಲ್ ಆಫ್ ಎಂಟ್ರಿ ಅಂತ ಕಸ್ಟಮ್ಸ್‌ಗೆ ಸಲ್ಲಿಸಬೇಕು. ಅವುಗಳಲ್ಲಿ ತುಂಬಿದ ವಿವರವೇ ಕೋಲ್ಕತ್ತದ ಡಿಜಿಸಿಐಎಸ್ (ವಾಣಿಜ್ಯ ಇಲಾಖೆಯ ಅಂಕಿಅಂಶ) ಕಚೇರಿಗೆ ಹೋಗಿ ದೇಶದ ಅಂಕಿಅಂಶ ಆಗುತ್ತದೆ. ಅಂದರೆ ಆ ಬಿಲ್ ತುಂಬಿದವನು ಏನು ಬರೆದನೋ ಅದೇ ನಿಮಗೆ ಕಾಣುವುದು.

ಪ್ರತಿ ಸರಕಿಗೂ ಎಚ್‌ಎಸ್ ಕೋಡ್, ಅಂದರೆ ಅದನ್ನು ಗುರುತಿಸುವ ಒಂದು ಸಂಖ್ಯೆ, ಇರುತ್ತದೆ. ಮೊದಲ 6 ಅಂಕಿ ಜಗತ್ತಿಗೆಲ್ಲ ಒಂದೇ, 1988ರಿಂದ ಜಾರಿಯಲ್ಲಿದೆ. ಅದರ ಮುಂದೆ ನಮ್ಮವರು ಇನ್ನೆರಡು ಸೇರಿಸಿ 8 ಮಾಡಿದ್ದಾರೆ. ಕಾಫಿ 0901, ಮೆಣಸು 0904 (ಇವೆರಡು ಮೊದಲ 4 ಅಂಕಿ ಮಾತ್ರ), ಅಡಿಕೆ 080280. ಇನ್ನೊಂದು ಮಾತು. ರಫ್ತನ್ನು ಎಫ್‌ಒಬಿ ಬೆಲೆಯಲ್ಲಿ ಬರೆಯುತ್ತಾರೆ, ಅಂದರೆ ನಮ್ಮ ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನ ಬೆಲೆ. ಆಮದನ್ನು ಸಿಐಎಫ್ ಬೆಲೆಯಲ್ಲಿ, ಅಂದರೆ ಹಡಗಿನ ಬಾಡಿಗೆ, ವಿಮೆ ಎಲ್ಲ ಸೇರಿಸಿ. ಹಾಗಾಗಿ ಅದೇ ಸರಕು ಮಾರಿದವನ ಲೆಕ್ಕದಲ್ಲಿ ಕಡಿಮೆ, ಕೊಂಡವನ ಲೆಕ್ಕದಲ್ಲಿ ಜಾಸ್ತಿ ಕಾಣುತ್ತದೆ.

ಪ್ರಶ್ನೆ: ತೀರ್ಥಹಳ್ಳಿ ಕಡೆಯವನು. ಅಡಿಕೆ ವಿಷಯಕ್ಕೇ ಬರುತ್ತೇನೆ. ಅಂಕಿ ನೋಡಿದರೆ ಆಮದು ಅಷ್ಟೇನಿಲ್ಲ ಅನಿಸುತ್ತದೆ, ಮಂಡಿಗೆ ಹೋದರೆ ಎಲ್ಲರೂ ವಿದೇಶಿ ಅಡಿಕೆ ಬಂದು ದರ ಬಿತ್ತು ಅನ್ನುತ್ತಾರೆ. ಯಾವುದನ್ನು ನಂಬಲಿ?

ಉತ್ತರ: ಎರಡನ್ನೂ ಅರ್ಧರ್ಧ ನಂಬಿ. ಕಳ್ಳದಾರಿಯಲ್ಲಿ ಬಂದದ್ದಕ್ಕೆ ಬಿಲ್ ಆಫ್ ಎಂಟ್ರಿ ಇರುವುದಿಲ್ಲ, ಹಾಗಾಗಿ ಅಂಕಿಯಲ್ಲೂ ಇರುವುದಿಲ್ಲ. ಅದು ಗೊತ್ತಿರುವ ಮಾತು. ಆದರೆ ಬಿಲ್ ಹಾಕಿ ಬಂದದ್ದರಲ್ಲೂ ನೋಡುವುದು ತುಂಬಾ ಇದೆ.

ಅಡಿಕೆಗೆ ಕನಿಷ್ಠ ಆಮದು ಬೆಲೆ ಇದೆ. ಮೊದಲು ಕೆಜಿಗೆ 251 ರೂ. ಇತ್ತು, 2023ರ ಫೆಬ್ರವರಿಯಲ್ಲಿ 351 ಮಾಡಿದರು. ಅದಕ್ಕಿಂತ ಕಡಿಮೆ ಬೆಲೆಗೆ ತರುವಂತಿಲ್ಲ. ಈಗ ನೀವು ಆಮದಿನ ಮೌಲ್ಯವನ್ನು ತೂಕದಿಂದ ಭಾಗಿಸಿ. ಯಾವುದೋ ದೇಶದಿಂದ ತಿಂಗಳುಗಟ್ಟಲೆ ಬರೀ 351, 353, 352 ಅಂತಲೇ ಬರುತ್ತಿದ್ದರೆ ಅದು ಮಾರುಕಟ್ಟೆಯ ದರ ಅಲ್ಲ. ಮಾರುಕಟ್ಟೆ ದರ ಅಷ್ಟು ನೆಟ್ಟಗೆ ನಿಲ್ಲುವುದೇ ಇಲ್ಲ, ನಿಮ್ಮ ಮಂಡಿಯಲ್ಲೇ ನೋಡಿ! ಅದು ಕಾನೂನಿಗೆ ಹೊಂದಿಸಿ ಬರೆದ ಬೆಲೆ ಇರಬಹುದು ಅಂತ ಅನುಮಾನ ಪಡಬೇಕು. ಹಾಗಂತ 351ಕ್ಕಿಂತ ಕೆಳಗೆ ಕಂಡ ಕೂಡಲೇ ಕಳ್ಳ ಸಿಕ್ಕ ಅಂತ ಕೂಗಬೇಡಿ, ಎಸ್‌ಇಜೆಡ್ (ವಿಶೇಷ ಆರ್ಥಿಕ ವಲಯ) ಮತ್ತು ಪೂರ್ತಿ ರಫ್ತಿಗೇ ಇರುವ ಘಟಕಗಳಿಗೆ ಈ ಷರತ್ತಿನಿಂದ ವಿನಾಯಿತಿ ಇದೆ.

ಎರಡನೆಯದು, ಒಂದೇ ಕೋಡ್ ನೋಡಿ ಸುಮ್ಮನಾಗಬೇಡಿ. ಅಡಿಕೆ 0802ರಲ್ಲಿ ಬರಬಹುದು, ಹುರಿದದ್ದು ಅಂತ 2008ರಲ್ಲಿ ಬರಬಹುದು, ಸುಪಾರಿ ಅಂತ 2106ರಲ್ಲಿ ಬರಬಹುದು. ಒಂದು ಬಾಗಿಲು ಬಿಗಿ ಮಾಡಿದರೆ ಸರಕು ಇನ್ನೊಂದು ಬಾಗಿಲಿಗೆ ಹೋಗುತ್ತದೆ. ಹುರಿದ ಅಡಿಕೆಗೂ 351ರ ಷರತ್ತು ಬಂದದ್ದು 2025ರ ಏಪ್ರಿಲ್‌ನಲ್ಲಿ. ಹೋದ ವಾರದ ಜಗಳ ಇದೇ. ಒಬ್ಬರು 0802 ಮಾತ್ರ ತೆಗೆದಿದ್ದರು, ಇನ್ನೊಬ್ಬರು ಮೂರನ್ನೂ ಕೂಡಿಸಿದ್ದರು.

ಮೂರನೆಯದು ಭೂತಾನ್. 2022ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಷರತ್ತಿಲ್ಲದೆ ತರಲು ಬಿಟ್ಟಿದ್ದಾರೆ. 17,000 ಟನ್ ಅಂತ ಕೇಳಿ ಗಾಬರಿ ಆಗಬೇಡಿ. ಅದು ಸಿಪ್ಪೆ ಸಮೇತ ಹಸಿಯ ತೂಕ, ಒಣಗಿಸಿ ಸುಲಿದ ಮೇಲೆ ಎಷ್ಟು ಉಳಿಯುತ್ತದೆ ಅಂತ ತೀರ್ಥಹಳ್ಳಿಯವರಿಗೆ ನಾನು ಹೇಳಿಕೊಡಬೇಕಾ?

ಪ್ರಶ್ನೆ: ಕೊಡಗಿನಿಂದ. ಕಾಫಿ ರಫ್ತು 2020-21ರಲ್ಲಿ ಸುಮಾರು 72 ಕೋಟಿ ಡಾಲರ್ ಇದ್ದದ್ದು 2023-24ಕ್ಕೆ 129 ಕೋಟಿ ಡಾಲರ್ ಆಯಿತಂತೆ. ನಮ್ಮ ತೋಟವೇನೂ ಅಷ್ಟು ಬೆಳೆದಿಲ್ಲ. ಸುಳ್ಳು ಲೆಕ್ಕನಾ?

ಉತ್ತರ: ಲೆಕ್ಕ ಸರಿ. ಆದರೆ ಅದು ಹಣ, ಮೂಟೆ ಅಲ್ಲ. ತೂಕ ಆ ಪ್ರಮಾಣದಲ್ಲಿ ಏರಲೇ ಇಲ್ಲ. ವಿಯೆಟ್ನಾಂ ಬೆಳೆ ಕೈಕೊಟ್ಟು ರೋಬಸ್ಟಾ ಕಾಫಿಯ ದರ 2023ರಲ್ಲೇ ಮೇಲಕ್ಕೆ ಹೊರಟಿತ್ತು, 2024ರ ಸೆಪ್ಟೆಂಬರ್‌ನಲ್ಲಂತೂ ಲಂಡನ್ ಮಾರುಕಟ್ಟೆಯಲ್ಲಿ ಟನ್ನಿಗೆ 5000 ಡಾಲರ್ ದಾಟಿತು. ಹಾಗಾಗಿ ನಾನು ಯಾವ ಸರಕೇ ಆಗಲಿ ಮೊದಲು ತೂಕದ ಕಾಲಂ ನೋಡುತ್ತೇನೆ, ಹಣ ಆಮೇಲೆ.

ವಾಣಿಜ್ಯ ಇಲಾಖೆಯ ಟ್ರೇಡ್‌ಸ್ಟ್ಯಾಟ್ ಜಾಲತಾಣದಲ್ಲಿ ಮೌಲ್ಯ ಲಕ್ಷ ರೂಪಾಯಿಯಲ್ಲಿ ತೆಗೆದಿರಿ, ತೂಕ ಸಾವಿರ ಕೆಜಿಯಲ್ಲಿ ಬಂತು ಅಂತ ಇಟ್ಟುಕೊಳ್ಳಿ. ಲೆಕ್ಕ ತೋರಿಸಲು ಸುಮ್ನೆ ಒಂದು ಉದಾಹರಣೆ: ಮೌಲ್ಯ 700, ತೂಕ 200. ಭಾಗಿಸಿದರೆ 3.5. ಕಾಫಿ ಕೆಜಿಗೆ ಮೂರೂವರೆ ರೂಪಾಯಿನಾ? ಅಲ್ಲ. 700 ಅಂದರೆ 700 ಲಕ್ಷ ರೂಪಾಯಿ, 200 ಅಂದರೆ 2 ಲಕ್ಷ ಕೆಜಿ. ಬಂದ ಉತ್ತರವನ್ನು ನೂರರಿಂದ ಗುಣಿಸಬೇಕು, ಕೆಜಿಗೆ 350 ರೂ. ಆಯಿತು. ಇದನ್ನು ನಾನು ಕಲಿತದ್ದು ಮಾನ ಕಳೆದುಕೊಂಡು. ಶುರುವಿನಲ್ಲಿ ಒಬ್ಬ ರಫ್ತುದಾರರಿಗೆ ವರದಿ ಕೊಟ್ಟಿದ್ದೆ, ತೂಕ ಬರೀ ಕೆಜಿ ಅಂದುಕೊಂಡು. ಅವರು ಕನ್ನಡಕ ಮೇಲೆತ್ತಿ ನೋಡಿ "ಈ ರೇಟಿಗೆ ಯಾರು ಕೊಳ್ಳುತ್ತಾರೆ ಹೇಳಪ್ಪ, ನಾಳೆಯೇ ಕಳಿಸುತ್ತೇನೆ" ಅಂದಿದ್ದರು.

ಇನ್ನೂ ಒಂದಿದೆ. ನಮ್ಮ ಕಾಫಿ ರಫ್ತು ಅಂದರೆ ಎಲ್ಲವೂ ನಮ್ಮ ತೋಟದ ಬೀಜ ಅಲ್ಲ. ಇನ್‌ಸ್ಟಂಟ್ ಕಾಫಿ ಮಾಡುವವರು ವಿಯೆಟ್ನಾಂ, ಉಗಾಂಡಾ ಕಡೆಯಿಂದ ಬೀಜ ತರಿಸಿ, ಪುಡಿ ಮಾಡಿ, ಮತ್ತೆ ಹೊರಗೆ ಕಳಿಸುತ್ತಾರೆ. ಆ ಪುಡಿ 0901ರಲ್ಲಿ ಸಿಗುವುದಿಲ್ಲ, 2101ರಲ್ಲಿ ಇರುತ್ತದೆ. ಕಾಫಿ ಬೋರ್ಡ್ ತನ್ನ ಲೆಕ್ಕದಲ್ಲಿ ಮರುರಫ್ತನ್ನು ಬೇರೆಯಾಗಿ ತೋರಿಸುತ್ತದೆ, ಬೆಳೆಗಾರರಿಗೆ ಅದೇ ಹೆಚ್ಚು ಉಪಯೋಗ. ಮಂಗಳೂರಿನ ಗೇರುಬೀಜದ್ದೂ ಇದೇ ಕಥೆ: ಆಫ್ರಿಕಾದಿಂದ ಸಿಪ್ಪೆ ಸಮೇತ ಬರುತ್ತದೆ, ಇಲ್ಲಿಂದ ತಿರುಳಾಗಿ ಹೋಗುತ್ತದೆ.

ಪ್ರಶ್ನೆ: 2023-24ರಲ್ಲಿ ನಾವು ಅತಿ ಹೆಚ್ಚು ರಫ್ತು ಮಾಡಿದ ದೇಶಗಳಲ್ಲಿ ಅಮೆರಿಕ, ಯುಎಇ ಬಿಟ್ಟರೆ ಮೂರನೆಯದು ನೆದರ್ಲ್ಯಾಂಡ್ಸ್ ಅಂತೆ, 22 ಬಿಲಿಯನ್ ಡಾಲರ್. ಅಷ್ಟು ಚಿಕ್ಕ ದೇಶ ಅಷ್ಟೆಲ್ಲ ಏನು ಮಾಡುತ್ತದೆ?

ಉತ್ತರ: ಅಲ್ಲಿ ರೋಟರ್‌ಡ್ಯಾಮ್ ಬಂದರು ಇದೆ. ಯುರೋಪಿಗೆ ಹೋಗುವ ಸರಕಿನ ಹೆಬ್ಬಾಗಿಲು. ನಮ್ಮ ಕಾಗದದಲ್ಲಿ ನೆದರ್ಲ್ಯಾಂಡ್ಸ್ ಅಂತ ಬರೆದದ್ದರಲ್ಲಿ ಬಹಳಷ್ಟು ಅಲ್ಲಿಂದ ಜರ್ಮನಿಗೋ ಬೆಲ್ಜಿಯಂಗೋ ಹೋಗುತ್ತದೆ. ಅದರಲ್ಲೂ ದೊಡ್ಡ ಪಾಲು ಡೀಸೆಲ್‌ನಂಥ ಪೆಟ್ರೋಲಿಯಂ ಉತ್ಪನ್ನ. ಕಚ್ಚಾತೈಲ ಹೊರಗಿಂದ ತಂದು, ಸಂಸ್ಕರಿಸಿ ಮಾರಿದ್ದು. 2022ಕ್ಕೆ ಮೊದಲು ರಷ್ಯಾದ ತೈಲ ನಮ್ಮ ಕಚ್ಚಾತೈಲದ ಆಮದಿನಲ್ಲಿ ಶೇ. 2 ಕೂಡ ಇರಲಿಲ್ಲ, 2023-24ಕ್ಕೆ ಮೂರನೇ ಒಂದು ಭಾಗ ದಾಟಿತ್ತು. ಹಾಗಾಗಿ 2709 ಕೋಡ್‌ನ (ಕಚ್ಚಾತೈಲ) ಆಮದು ನೋಡದೆ 2710ರ (ಸಂಸ್ಕರಿಸಿದ್ದು) ರಫ್ತು ಒಂದನ್ನೇ ನೋಡಿದರೆ ಅರ್ಧ ಸಿನಿಮಾ ನೋಡಿದ ಹಾಗೆ.

ಪ್ರಶ್ನೆ: ಅದೇ ವರ್ಷ ಆಮದು 678 ಬಿಲಿಯನ್, ರಫ್ತು 437 ಬಿಲಿಯನ್. ದೇಶ ಮುಳುಗುತ್ತಿದೆ ಅಂತ ಅರ್ಥ ಅಲ್ವಾ?

ಉತ್ತರ: ಅದು ಸರಕಿನ ಲೆಕ್ಕ ಮಾತ್ರ. ಬೆಂಗಳೂರಿನ ಸಾಫ್ಟ್‌ವೇರ್ ಯಾವ ಕಸ್ಟಮ್ಸ್ ಗೇಟನ್ನೂ ದಾಟುವುದಿಲ್ಲ, ಅದಕ್ಕೆ ಶಿಪ್ಪಿಂಗ್ ಬಿಲ್ ಇಲ್ಲ. ಸೇವೆಗಳ ಲೆಕ್ಕ ರಿಸರ್ವ್ ಬ್ಯಾಂಕ್ ಕಡೆಯಿಂದ ಬರುತ್ತದೆ. ಆ ವರ್ಷ ಸೇವಾ ರಫ್ತೇ ಸುಮಾರು 341 ಬಿಲಿಯನ್ ಡಾಲರ್ ಇತ್ತು, ಸೇವೆಗಳ ಆಮದು ಅದರ ಅರ್ಧದಷ್ಟು. ಎರಡನ್ನೂ ಕೂಡಿಸಿ ಆಮೇಲೆ ಮುಳುಗುವ ಮಾತಾಡೋಣ.

ಪ್ರಶ್ನೆ: ಸಕಲೇಶಪುರ. ಶ್ರೀಲಂಕಾದಿಂದ ಬರುವ ಮೆಣಸು ನಿಜಕ್ಕೂ ಅಲ್ಲಿನದ್ದೇ, ಅಥವಾ ವಿಯೆಟ್ನಾಮಿನದ್ದು ಸುತ್ತಿ ಬರುತ್ತದಾ? ಅಂಕಿಯಿಂದ ಹಿಡಿಯಬಹುದಾ?

ಉತ್ತರ: ಒಳ್ಳೆಯ ಪ್ರಶ್ನೆ. ಸುತ್ತಿಸಲು ಆಸೆ ಯಾಕೆ ಅಂದರೆ, ಶ್ರೀಲಂಕಾ ಜೊತೆಗಿನ ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. 2017ರ ಡಿಸೆಂಬರ್‌ನಿಂದ ಕೆಜಿಗೆ 500 ರೂ. ಕನಿಷ್ಠ ಬೆಲೆಯೂ ಇದೆ.

ನಾವು ಮಾಡುವುದು ಕನ್ನಡಿ ಲೆಕ್ಕ. ಒಂದೇ ವ್ಯಾಪಾರವನ್ನು ಎರಡು ದೇಶವೂ ಬರೆದಿಟ್ಟಿರುತ್ತವೆ, ಎರಡನ್ನೂ ಪಕ್ಕಪಕ್ಕ ಇಡುವುದು. ವಿಶ್ವಸಂಸ್ಥೆಯ ಕಾಮ್‌ಟ್ರೇಡ್ ಜಾಲತಾಣದಲ್ಲಿ (ಎಲ್ಲ ದೇಶಗಳ ವ್ಯಾಪಾರದ ಅಂಕಿ ಅಲ್ಲಿರುತ್ತದೆ) ಮೆಣಸಿನ ಕೋಡ್ 090411 ತೆಗೆಯಿರಿ. ವಿಯೆಟ್ನಾಂ ಶ್ರೀಲಂಕಾಕ್ಕೆ ಎಷ್ಟು ಕಳಿಸಿದೆ, ಶ್ರೀಲಂಕಾ ಅದನ್ನು ಎಷ್ಟು ಅಂತ ಬರೆದುಕೊಂಡಿದೆ, ಅದು ನಮಗೆ ಎಷ್ಟು ಕಳಿಸಿದೆ, ನಾವು ಎಷ್ಟು ಬಂತು ಅಂದಿದ್ದೇವೆ. ನಾಲ್ಕು ಅಂಕಿ. ಜೊತೆಗೆ ಶ್ರೀಲಂಕಾದ ಬೆಳೆ ಎಷ್ಟು. ಬೆಳೆಗಿಂತ ರಫ್ತು ಜಾಸ್ತಿ ಇದ್ದರೆ, ಹಳೇ ದಾಸ್ತಾನು ಇತ್ತಾ ಅಂತ ಕೇಳಿಕೊಂಡು, ಆಮೇಲೆ ಅನುಮಾನ ಪಡಿ. ತೂಕವನ್ನೇ ಹೋಲಿಸಿ, ಯಾಕೆಂದರೆ ಎಫ್‌ಒಬಿ-ಸಿಐಎಫ್ ವ್ಯತ್ಯಾಸ ಹಣದಲ್ಲಿ ಇದ್ದೇ ಇರುತ್ತದೆ. ಡಿಸೆಂಬರ್‌ನಲ್ಲಿ ಹೊರಟ ಹಡಗು ಜನವರಿಯಲ್ಲಿ ಮುಟ್ಟಿದರೆ ಎರಡು ದೇಶದಲ್ಲಿ ಎರಡು ವರ್ಷಕ್ಕೆ ಸೇರುತ್ತದೆ, ಅದೂ ನೆನಪಿರಲಿ. ಇದರಿಂದ ಸಿಗುವುದು ಅನುಮಾನಕ್ಕೆ ಆಧಾರ. ಕೋರ್ಟಿನಲ್ಲಿ ನಿಲ್ಲುವ ಸಾಕ್ಷಿ ಅಲ್ಲ.

ಪ್ರಶ್ನೆ: ಸರ್ಕಾರದ ಅಂಕಿಯೇ ತಪ್ಪಾದದ್ದು ಉಂಟಾ?

ಉತ್ತರ: ಉಂಟು. 2024ರ ನವೆಂಬರ್ ತಿಂಗಳ ಚಿನ್ನದ ಆಮದು ಮೊದಲು 14.86 ಬಿಲಿಯನ್ ಡಾಲರ್ ಅಂತ ಬಂತು. ಜುಲೈನಲ್ಲಿ ಸುಂಕ ಶೇ. 15ರಿಂದ 6ಕ್ಕೆ ಇಳಿದಿತ್ತು, ಮೇಲೆ ಮದುವೆ ಕಾಲ, ಹಾಗಾಗಿ ಎಲ್ಲರೂ ಹೌದೌದು ಅಂದರು, ನಾನೂ ಅಂದೆ. ಆಮೇಲೆ ನೋಡಿದರೆ ಲೆಕ್ಕದ ವ್ಯವಸ್ಥೆ ಬದಲಾಗುವಾಗ ಅದೇ ಚಿನ್ನ ಎರಡು ಸಲ ಎಣಿಕೆಯಾಗಿತ್ತು. 9.84 ಬಿಲಿಯನ್‌ಗೆ ಇಳಿಸಿದರು. ಐದು ಬಿಲಿಯನ್ ಡಾಲರ್ ಚಿನ್ನ ಮಾಯ! ಅಂದಿನಿಂದ ಹೊಸ ತಿಂಗಳ ಅಂಕಿಯ ಮೇಲೆ ನಾನು ಯಾರಿಗೂ ವರದಿ ಬರೆದು ಕೊಡುವುದಿಲ್ಲ, ಎರಡು ತಿಂಗಳು ಕಾಯುತ್ತೇನೆ.

ಪ್ರಶ್ನೆ: ವಾಟ್ಸಾಪ್‌ನಲ್ಲಿ ಒಬ್ಬರು ಯಾವ ಕಂಪನಿ ಯಾರಿಗೆ ಯಾವ ರೇಟಿಗೆ ಕಳಿಸಿತು ಅಂತ ಎಕ್ಸೆಲ್ ಮಾರುತ್ತಿದ್ದಾರೆ. ಕೊಳ್ಳಲಾ?

ಉತ್ತರ: ಬೇಡ ಮಾರಾಯ್ರೆ. 2022ರಲ್ಲಿ ಕಸ್ಟಮ್ಸ್ ಕಾಯ್ದೆಗೆ 135ಎಎ ಅಂತ ಸೆಕ್ಷನ್ ಸೇರಿಸಿದ್ದಾರೆ. ಆಮದು-ರಫ್ತುದಾರರು ಕಸ್ಟಮ್ಸ್‌ಗೆ ಕೊಟ್ಟ ಬೆಲೆ, ಪ್ರಮಾಣದಂಥ ವಿವರವನ್ನು ಕಾನೂನಿನ ಅವಕಾಶ ಇಲ್ಲದೆ ಪ್ರಕಟಿಸಿದರೆ ಆರು ತಿಂಗಳವರೆಗೆ ಜೈಲು, 50,000 ರೂ.ವರೆಗೆ ದಂಡ, ಅಥವಾ ಎರಡೂ. ಅದೂ ಅಲ್ಲದೆ ಆ ಎಕ್ಸೆಲ್ ಎಲ್ಲಿಂದ ಬಂತು, ಯಾರು ತಿದ್ದಿದರು, ಯಾರಿಗೆ ಗೊತ್ತು?

ಪ್ರಶ್ನೆ: ಎಂ.ಕಾಂ. ವಿದ್ಯಾರ್ಥಿನಿ. ಪ್ರಾಜೆಕ್ಟ್‌ಗೆ ಎಲ್ಲಿಂದ ಶುರು ಮಾಡಲಿ? ಕರ್ನಾಟಕದ ರಫ್ತು ಅಂತ ಮಾಡಬೇಕೆಂದಿದ್ದೇನೆ.

ಉತ್ತರ: ಅಷ್ಟು ದೊಡ್ಡದು ಬೇಡಮ್ಮ. ರಾಜ್ಯದ ಲೆಕ್ಕದಲ್ಲಿ ತೊಡಕು ಜಾಸ್ತಿ. ಕೊಡಗಿನ ಕಾಫಿ ಕೊಚ್ಚಿಯಿಂದ ಹಡಗು ಹತ್ತಿದರೆ ಬಂದರಿನ ಲೆಕ್ಕದಲ್ಲಿ ಕೇರಳಕ್ಕೆ ಸೇರುತ್ತದೆ. ಸರಕು ಹುಟ್ಟಿದ ರಾಜ್ಯ, ಜಿಲ್ಲೆ ಬರೆಯಲೇಬೇಕು ಅಂತ ಆದದ್ದು 2020ರ ಫೆಬ್ರವರಿಯಿಂದ, ಅದಕ್ಕೂ ಹಿಂದಿನದನ್ನು ಈಗಿನದರ ಪಕ್ಕ ಇಡುವಾಗ ಹುಷಾರು. ಒಂದೇ ಸರಕು ಹಿಡಿಯಿರಿ. ಶುಂಠಿ ತಗೊಳ್ಳಿ, 091011. ಐದು ವರ್ಷ, ತೂಕ ಒಂದು ಕಾಲಂ, ಹಣ ಒಂದು ಕಾಲಂ, ಭಾಗಿಸಿದ್ದು ಮೂರನೆಯದು. ನಮ್ಮದು ಏಪ್ರಿಲ್‌ನಿಂದ ಮಾರ್ಚ್, ಕಾಮ್‌ಟ್ರೇಡ್‌ನಲ್ಲಿ ವರ್ಷ ಸಾಮಾನ್ಯವಾಗಿ ಜನವರಿಯಿಂದ ಡಿಸೆಂಬರ್, ಅವೆರಡನ್ನು ಬೆರೆಸಬೇಡಿ. ಮೂರನೇ ಕಾಲಂ ಯಾವ ವರ್ಷ ಎಗರಿದೆಯೋ ಆ ವರ್ಷ ಏನಾಯಿತು ಅಂತ ಹಾಸನದ ಯಾರಾದರೂ ಶುಂಠಿ ಬೆಳೆಗಾರರನ್ನು ಕೇಳಿ. ಆಮೇಲೆ ಆ ಮೂರು ಕಾಲಂ ಇಲ್ಲೇ ಹಾಕಿ, ನೋಡೋಣ.

ಅದೇ ವಿದ್ಯಾರ್ಥಿನಿ: ತೆಗೆದೆ ಸಾರ್! ಕೆಜಿಗೆ 90 ಪೈಸೆ ಬರುತ್ತಿದೆ?

ಉತ್ತರ: ನೂರರಿಂದ ಗುಣಿಸಿ.